ಉಪ್ಪು, ನೀರು ಮತ್ತು ಒಂದು ಮರದ ಉರುಳೆ

‘ಉಪ್ಪು ತಿಂದವನು ನೀರು ಕುಡಿಯಲೇಬೇಕು’ ಎಂಬ ಗಾದೆಯನ್ನು ಇಪ್ಪತ್ತು ವರ್ಷಗಳಿಂದ ತರಗತಿಯಲ್ಲಿ ಕರ್ಮಫಲಕ್ಕೆ ದೃಷ್ಟಾಂತವಾಗಿ ವಿವರಿಸುತ್ತ ಬಂದಿದ್ದೇನೆ. ಅದರ ವಾಚ್ಯಾರ್ಥವೇ ಎಷ್ಟು ಕಠೋರವೆಂಬುದು ತಿಳಿದದ್ದು ನನ್ನ ಅಕ್ಕನ ಮೂತ್ರಪಿಂಡಗಳು ಕೆಟ್ಟಮೇಲೆ. ಅವಳ ದಿನದ ನೀರೆಲ್ಲ ಈಗ ಒಂದು ತಂಬಿಗೆಯಲ್ಲಿ ಅಳೆದಿಟ್ಟದ್ದು. ಕಾಫಿ, ಸಾರು, ಮಾತ್ರೆ ನುಂಗುವ ಗುಟುಕು ಎಲ್ಲವೂ ಆ ಲೆಕ್ಕದೊಳಗೇ. ಉಪ್ಪು ಹೆಚ್ಚಿದರೆ ಬಾಯಾರಿಕೆ. ಕುಡಿದ ನೀರು ಹೊರಹೋಗದೆ ಕಾಲಿಗೆ ಬಾವು, ಎದೆಗೆ ಉಬ್ಬಸ. ನೋಡಲು ಬಂದವರು ಅಕ್ಕರೆಯಿಂದ ತರುವ ಎಳನೀರೂ ವರ್ಜ್ಯ. ಅದರಲ್ಲಿ ಪೊಟಾಸಿಯಂ ಹೆಚ್ಚು. ರಕ್ತದಲ್ಲಿ ಅದು ಮಿತಿಮೀರಿದರೆ ಹೃದಯವೇ ನಿಂತೀತು.

ಆರೋಗ್ಯವಂತನ ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ, ಬೇಕಾದ ನೀರನ್ನೂ ಲವಣಗಳನ್ನೂ ಮರಳಿ ಹೀರಿಕೊಂಡು, ಒಂದೂವರೆ ಲೀಟರಿನಷ್ಟನ್ನು ಮಾತ್ರ ಹೊರಗೆ ಬಿಡುತ್ತವೆ. ಈ ಜಾಣ ಶಾನುಭೋಗಿಕೆಯನ್ನು ಅಕ್ಕನಿಗಾಗಿ ವಾರಕ್ಕೆ ಮೂರು ಸಲ ಒಂದು ಯಂತ್ರ ನಡೆಸುತ್ತದೆ. ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕುಳಿತಾಗ ಆ ಯಂತ್ರದ ವಂಶಾವಳಿಯನ್ನು ತಿಳಿಯುವ ಹಂಬಲ ನನಗೆ ಹುಟ್ಟಿತು.

ಮೂಲಪುರುಷನೆನ್ನಬಹುದಾದವರು ಸ್ಕಾಟ್ಲೆಂಡಿನ ರಸಾಯನಶಾಸ್ತ್ರಜ್ಞ ಥಾಮಸ್ ಗ್ರಹಾಂ. ತೆಳುವಾದ ಪೊರೆಯೊಂದು ಉಪ್ಪು, ಯೂರಿಯಗಳನ್ನು ಹಾಯಗೊಟ್ಟು ದೊಡ್ಡ ಕಣಗಳನ್ನು ತಡೆಯುವುದೆಂದು 1861ರಲ್ಲಿ ಪ್ರಕಟಿಸಿ, ಆ ಕ್ರಿಯೆಗೆ ‘ಡಯಾಲಿಸಿಸ್’ ಎಂದು ಹೆಸರಿಟ್ಟರು. 1924ರಲ್ಲಿ ಜರ್ಮನಿಯ ಗೀಸೆನ್ ನಗರದಲ್ಲಿ ಗಿಯೋರ್ಗ್ ಹಾಸ್ ಇದನ್ನು ಮೊದಲ ಬಾರಿಗೆ ಮನುಷ್ಯನ ಮೇಲೆ ಪ್ರಯೋಗಿಸಿದರು. ಆದರೆ ಅದರಿಂದ ಜೀವ ಉಳಿಯುವ ಕಾಲ ಇನ್ನೂ ಬಂದಿರಲಿಲ್ಲ.

1938ರಲ್ಲಿ ಹಾಲೆಂಡಿನ ಗ್ರೋನಿಂಗೆನ್‌ನಲ್ಲಿ 22 ವರ್ಷದ ಯುವಕನೊಬ್ಬ ಮೂತ್ರಪಿಂಡದ ರೋಗದಿಂದ ಮೆಲ್ಲಮೆಲ್ಲನೆ ಸಾಯುತ್ತಿದ್ದ. ತಾಯಿಗೆ ಆ ಸುದ್ದಿ ಹೇಳುವ ಪಾಡು ವಿಲ್ಲೆಮ್ ಕೋಲ್ಫ್ ಎಂಬ ತರುಣ ವೈದ್ಯರದಾಯಿತು. ದಿನಕ್ಕೆ 20 ಗ್ರಾಂ ಯೂರಿಯವನ್ನು ತೆಗೆಯಬಲ್ಲೆನಾದರೆ ಈತ ಬದುಕಿಯಾನು ಎಂದು ಅವರು ಲೆಕ್ಕ ಹಾಕಿದರು. 1940ರಲ್ಲಿ ಜರ್ಮನರು ದೇಶವನ್ನು ಆಕ್ರಮಿಸಿದರು. ಕೋಲ್ಫ್ ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಗೆ ಹೋದರು. ಅಲ್ಲಿನ ಎನಾಮಲ್ ಕಾರ್ಖಾನೆಯವರು ನೆರವಾದರು. ಮರದ ಪಟ್ಟಿಗಳ ಉರುಳೆಗೆ, ಮಾಂಸದ ಕಡುಬಿಗೆ ಹೊದಿಸುವ ಸೆಲ್ಲೊಫೇನ್ ನಳಿಕೆಯನ್ನು ಸುತ್ತಿ, ಅದರೊಳಗೆ ರಕ್ತವನ್ನು ಹರಿಸಿ, ಉರುಳೆಯನ್ನು ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗಿಸಿದರು. ಅಡಗಿದ್ದ ತತ್ವ ಸರಳ: ರಕ್ತದಿಂದ ಹೋಗಬೇಕಾದದ್ದು ತೊಟ್ಟಿಯಲ್ಲಿ ಕಡಮೆಯಿರಬೇಕು, ಉಳಿಯಬೇಕಾದದ್ದು ಸಮನಾಗಿರಬೇಕು.

1943ರ ಮಾರ್ಚಿಯಲ್ಲಿ ಚಿಕಿತ್ಸೆ ಆರಂಭವಾಯಿತು. ಮೊದಲ ರೋಗಿಗೆ ಕೊನೆಕೊನೆಗೆ ಸೂಜಿ ಚುಚ್ಚಲು ರಕ್ತನಾಳವೇ ಉಳಿಯದಾಯಿತು. ಮೊದಲ ಹದಿನಾರು ಮಂದಿಯಲ್ಲಿ ಹೆಚ್ಚುಕಡಮೆ ಎಲ್ಲರೂ ತೀರಿಕೊಂಡರು. ಹದಿನೇಳನೆಯವಳು, 1945ರ ಸೆಪ್ಟೆಂಬರಿನಲ್ಲಿ ಬಂದ 67 ವರ್ಷದ ಮುದುಕಿ, ಬದುಕಿದಳು. ಆಕೆ ನಾಜಿಗಳ ಪಕ್ಷ ವಹಿಸಿ, ಯುದ್ಧ ಮುಗಿದಮೇಲೆ ಸೆರೆಯಲ್ಲಿದ್ದವಳು. ‘ತಿಂದ ಉಪ್ಪಿಗೆ ನೀರು ಕುಡಿಯಲಿ’ ಎಂದು ನಮ್ಮ ಗಾದೆಯಂತೂ ತೀರ್ಪು ಕೊಡುತ್ತಿತ್ತು. ಕೋಲ್ಫ್ ತೀರ್ಪು ಕೊಡಲಿಲ್ಲ, ಉರುಳೆಯನ್ನು ತಿರುಗಿಸಿದರು.

1960ರಲ್ಲಿ ಅಮೆರಿಕದ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್, ತೋಳಿನ ರಕ್ತನಾಳಗಳಲ್ಲಿ ಟೆಫ್ಲಾನ್ ನಳಿಕೆಯನ್ನು ಖಾಯಮ್ಮಾಗಿ ನಿಲ್ಲಿಸುವ ಉಪಾಯ ಕಂಡುಹಿಡಿದರು. ಇದರಿಂದ ವರ್ಷಗಟ್ಟಲೆ ಚಿಕಿತ್ಸೆ ಸಾಧ್ಯವಾಯಿತು. ಆದರೆ ಯಂತ್ರ ಕೆಲವು, ರೋಗಿಗಳು ಹಲವರು. ಯಾರು ಬದುಕಲು ಅರ್ಹರೆಂದು ಆರಿಸಲು ಅಲ್ಲಿ ಏಳು ಮಂದಿಯ ಸಮಿತಿಯೇ ಏರ್ಪಟ್ಟಿತು. ಸಂಸಾರ, ಸಂಪಾದನೆ, ನಡತೆ ಎಲ್ಲವೂ ತಕ್ಕಡಿಗೆ ಬಿದ್ದವು. ಹದಿನೇಳನೆಯ ಮುದುಕಿ ಆ ತಕ್ಕಡಿಯಲ್ಲಿ ಎಷ್ಟು ತೂಗುತ್ತಿದ್ದಳು? ನನ್ನ ಅಕ್ಕ ಎಷ್ಟು ತೂಗಿಯಾಳು? ಓದುಬರಹ ಅಷ್ಟಕ್ಕಷ್ಟೆ, ಸಂಪಾದನೆಯಿಲ್ಲ. ಆದರೆ ನನ್ನನ್ನು ಎತ್ತಿ ಬೆಳೆಸಿದವಳು.

ಮೊನ್ನೆ ಮನೆಗೆ ಮರಳುವ ದಾರಿಯಲ್ಲಿ ಅಕ್ಕನಿಗೆ ಈ ಕಥೆ ಹೇಳಿದೆ. ಮುದುಕಿಯ ಮೂತ್ರಪಿಂಡಗಳು ಚೇತರಿಸಿಕೊಂಡವೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆಮೇಲೆ ಬೇಕಾದಷ್ಟು ನೀರು ಕುಡಿದಿರಬೇಕು ಕಣೋ, ಪುಣ್ಯವಂತೆ” ಎಂದಳು.

ಗಾದೆಯನ್ನು ಈಗಲೂ ಪಾಠ ಮಾಡುತ್ತೇನೆ. ಕರ್ಮಫಲದ ಮಾತಿಗೆ ಬಂದಾಗ ಮಾತ್ರ ನಾಲಿಗೆ ತಡೆಯುತ್ತದೆ.