ಬಾಯಿ ಬಿಟ್ಟ ದೋಣಿ, ಪೆನ್ಸಿಲ್ಲಿನ ನಂಬರು

ಮೇ ತಿಂಗಳ ಒಂದು ಶನಿವಾರ. ಮಿಶಿಗನ್ನಿನಲ್ಲಿ ಆಗಷ್ಟೇ ಚಳಿ ಬಿಟ್ಟಿತ್ತು. ಆನ್‌ಸೈಟ್ ಅಂತ ಹೋದ ನನಗೆ ವಾರಾಂತ್ಯದಲ್ಲಿ ಬಟ್ಟೆ ಒಗೆಯೋದು ಬಿಟ್ಟರೆ ಬೇರೆ ಕೆಲಸ ಇರಲಿಲ್ಲ. ಆಫೀಸಿನ ಹಿರಿಯರೊಬ್ಬರು, ಇನ್ನೆರಡು ವರ್ಷಕ್ಕೆ ರಿಟೈರ್ ಆಗುವವರು, "ನಮ್ಮ ದೋಣಿ ನೀರಿಗೆ ಇಳಿಸ್ತಿದೀನಿ, ಬಾ" ಅಂತ ಕರೆದರು. ಹೋದೆ. 22 ಅಡಿ ಉದ್ದದ, ಮಹಾಗನಿ ಮರದ ಮೋಟರ್ ದೋಣಿ. ಕ್ರಿಸ್-ಕ್ರಾಫ್ಟ್ ಕಂಪನಿಯ ಸ್ಪೋರ್ಟ್ಸ್‌ಮನ್, 1950ರದ್ದು. ನಮ್ಮಪ್ಪನಿಗಿಂತ ಏಳು ವರ್ಷ ದೊಡ್ಡದು. ವಾರ್ನಿಷ್ ಎಷ್ಟು ಹೊಳೀತಿತ್ತು ಅಂದರೆ ಮುಖ ನೋಡ್ಕೊಂಡು ತಲೆ ಬಾಚಬಹುದಿತ್ತು.

ಎರಡು ಅಗಲವಾದ ಪಟ್ಟಿಗಳ ಮೇಲೆ ದೋಣಿಯನ್ನು ತೂಗುಹಾಕಿ ನಿಧಾನಕ್ಕೆ ನೀರಿಗೆ ಇಳಿಸಿದರು. ಐದು ನಿಮಿಷ ಆಗಿರಲಿಲ್ಲ, ತಳದ ಹಲಗೆಗಳ ಸಂದಿಯಿಂದ ನೀರು ಒಳಗೆ ಬರೋಕೆ ಶುರುವಾಯ್ತು. ನಾನು "ಅಯ್ಯೋ ಮುಳುಗುತ್ತೆ!" ಅಂತ ಕೂಗಿಬಿಟ್ಟೆ. ಅವರು ಕಾಫಿ ಕುಡೀತಾನೇ ಪಂಪಿನ ಸ್ವಿಚ್ ಹಾಕಿದರು. "ಎರಡು ಮೂರು ದಿನ ಹೀಗೇ. ಚಳಿಗಾಲವಿಡೀ ಶೆಡ್ಡಲ್ಲಿ ಒಣಗಿದೆ. ಮರ ನೀರು ಕುಡಿದು ಉಬ್ಬಿದ ಮೇಲೆ ತಾನೇ ಮುಚ್ಕೊಳ್ಳುತ್ತೆ. ಪಟ್ಟಿ ಬಿಚ್ಚೋದು ಆಮೇಲೆ."

ನನಗೆ ಅಜ್ಜ ನೆನಪಾದ. ಹಾವೇರಿ ಕಡೆ ನಮ್ಮೂರಲ್ಲಿ ಬೇಸಿಗೆ ಬಂತೆಂದರೆ ಚಕ್ಕಡಿಯ ಗಾಲಿ ಒಣಗಿ ಕುಗ್ಗಿ, ಮೇಲಿನ ಕಬ್ಬಿಣದ ಹಳಿ ಸಡಿಲಾಗಿ ಗಡಗಡ ಅನ್ನುತ್ತಿತ್ತು. "ಗಾಲಿ ಬಾಯಿ ಬಿಟ್ಟೈತಿ, ಹೊಂಡದಾಗ ಹಾಕ್ರಿ" ಅನ್ನೋನು ಅಜ್ಜ. ನಾವು ಹುಡುಗರು ಉರುಳಿಸಿಕೊಂಡು ಹೋಗಿ ಹಾಕಿ ಬರ್ತಿದ್ವಿ. ಮಾರನೇ ದಿನ ಹಳಿ ಗಟ್ಟಿಯಾಗಿ ಕೂತಿರೋದು. ಅದೇ ವಿದ್ಯೆ ಇಲ್ಲಿ, ಶ್ರೀಮಂತರ ಆಟಿಕೆ ಅಂತ ನಾನಂದುಕೊಂಡಿದ್ದ ವಸ್ತುವಿನ ಹೊಟ್ಟೆಯಲ್ಲಿ. ಆವತ್ತಿನಿಂದ ಈ ದೋಣಿಗಳ ಚರಿತ್ರೆ ಓದೋ ಹುಚ್ಚು ಹತ್ತಿತು.

ಕಥೆ ಶುರುವಾಗೋದು ಸೇಂಟ್ ಕ್ಲೇರ್ ನದಿ ದಡದ ಆಲ್ಗೊನಾಕ್ ಅನ್ನೋ ಸಣ್ಣ ಊರಲ್ಲಿ. ಅಲ್ಲಿ ಕ್ರಿಸ್ಟೋಫರ್ ಕೊಲಂಬಸ್ ಸ್ಮಿತ್ ಅಂತ ಒಬ್ಬ ಹುಡುಗ. (ಹೆಸರಿಡುವಾಗಲೇ ಅಪ್ಪ ಅಮ್ಮ ದೋಣಿಗೆ ಬರೆದುಕೊಟ್ಟಿದ್ದರು ಅನ್ನಿ.) 1874ರಲ್ಲಿ, 13ನೇ ವಯಸ್ಸಿಗೆ, ಮೊದಲ ದೋಣಿ ಮಾಡಿದ. ಬಾತುಕೋಳಿ ಬೇಟೆಗೆ ಹೋಗುವ ಚಿಕ್ಕ ದೋಣಿ. ಆಮೇಲೆ ಎಂಜಿನ್ ಬಂತು, ವೇಗದ ಚಟ ಬಂತು. ಡೆಟ್ರಾಯಿಟಿನ ಹಣವಂತ ಗಾರ್ ವುಡ್ ಜೊತೆ ಸೇರಿ ರೇಸಿನ ದೋಣಿಗಳನ್ನು ಕಟ್ಟಿದ. 1920ರಲ್ಲಿ ಅವರ ‘ಮಿಸ್ ಅಮೆರಿಕಾ’ ಇಂಗ್ಲೆಂಡಿಗೆ ಹೋಗಿ ಹಾರ್ಮ್ಸ್‌ವರ್ತ್ ಟ್ರೋಫಿ ಗೆದ್ದು ಬಂತು.

ಆದ್ರೆ ರೇಸಿನಿಂದ ಮನೆ ನಡೆಯಲ್ಲ. 1922ರಲ್ಲಿ ಸ್ಮಿತ್ ಮತ್ತು ಅವನ ಮಕ್ಕಳು ಬೇರೆಯಾಗಿ ತಮ್ಮದೇ ಕಂಪನಿ ಮಾಡಿಕೊಂಡರು. ಒಬ್ಬೊಬ್ಬ ಗಿರಾಕಿಗೆ ಒಂದೊಂದು ಥರ ಕಟ್ಟಿಕೊಡೋದು ಬಿಟ್ಟು, ಕಾರಿನ ಹಾಗೆ ಒಂದೇ ಅಳತೆಯ ದೋಣಿಗಳನ್ನು ಸಾಲಾಗಿ ಮಾಡಿ ಡೀಲರುಗಳ ಮೂಲಕ ಮಾರೋದು ಅವರ ಯೋಚನೆ. ಎಂಜಿನ್ನಿಗೆ ಮೊದಮೊದಲು ಬಳಸಿದ್ದು ಒಂದನೇ ಮಹಾಯುದ್ಧ ಮುಗಿದ ಮೇಲೆ ಅಗ್ಗಕ್ಕೆ ಬಿಕರಿಯಾದ ಕರ್ಟಿಸ್ ಓಎಕ್ಸ್-5 ವಿಮಾನದ ಎಂಜಿನ್ನುಗಳನ್ನ! 1930ರಲ್ಲಿ ಕಂಪನಿ ಹೆಸರೇ ಕ್ರಿಸ್-ಕ್ರಾಫ್ಟ್ ಆಯ್ತು. ಎರಡನೇ ಮಹಾಯುದ್ಧದಲ್ಲಿ ಅದೇ ಕಾರ್ಖಾನೆ ಸೈನಿಕರನ್ನು ದಡಕ್ಕಿಳಿಸುವ 36 ಅಡಿಯ ದೋಣಿಗಳನ್ನು ಸಾವಿರಾರು ಲೆಕ್ಕದಲ್ಲಿ ಮಾಡಿಕೊಟ್ಟಿತು. ಯುದ್ಧ ಮುಗಿದ ಹೊಸತರಲ್ಲಿ ಮಹಾಗನಿ ಸಿಗದೆ ಕೆಲವು ದೋಣಿಗಳಿಗೆ ಸೀಡರ್ ಹಲಗೆ ಹೊಡೆದು ಬಣ್ಣ ಬಳಿದರು. ಮಹಾಗನಿ ಅಂತ ನಾನು ಅಂತಿದೀನಲ್ಲ, ಅದರಲ್ಲಿ ಬಹುಪಾಲು ಫಿಲಿಪ್ಪೀನ್ಸಿನ ಮರ; ನಿಜವಾದ ಮಹಾಗನಿಯೇ ಅಲ್ಲ. ಕುಲ ನೋಡಿದರೆ ಅದು ಉತ್ತರ ಭಾರತದ ಸಾಲ ಮರದ, ನಮ್ಮ ಪಶ್ಚಿಮ ಘಟ್ಟದ ಸಾಲುಧೂಪದ ಬಂಧು.

ಈಗ ದೋಣಿಯ ತಳಕ್ಕೆ ಬರೋಣ, ಜಗಳ ಇರೋದೇ ಅಲ್ಲಿ. ತಳ ಎರಡು ಪದರ. ಒಳಗೆ ಓರೆಯಾಗಿ ಜೋಡಿಸಿದ ತೆಳು ಹಲಗೆ, ಅದರ ಮೇಲೆ ಅಂಟಂಟಾದ ಮಸಾಲೆಯಲ್ಲಿ ಅದ್ದಿದ ಕ್ಯಾನ್ವಾಸ್ ಬಟ್ಟೆ, ಅದರ ಮೇಲೆ ಉದ್ದುದ್ದಕ್ಕೆ ಹೊರಗಿನ ಹಲಗೆ. ಎಲ್ಲವನ್ನೂ ನೂರಾರು ಸ್ಕ್ರೂ ಹಾಕಿ ಬಿಗಿದು, ಸ್ಕ್ರೂ ತಲೆ ಕಾಣದ ಹಾಗೆ ಮರದ ಬಿರಡೆ ಹೊಡೆಯೋದು. ಹೊಸದರಲ್ಲಿ ಗಟ್ಟಿಮುಟ್ಟು. ಆದರೆ ಮೂವತ್ತು ನಲವತ್ತು ವರ್ಷಕ್ಕೆ ಮಸಾಲೆ ಒಣಗಿ ಪುಡಿಯಾಗುತ್ತೆ. ಎಂಜಿನ್ನಿನಿಂದ ತೊಟ್ಟಿಕ್ಕಿದ ಎಣ್ಣೆ ಒಳಹಲಗೆ ಸೇರುತ್ತೆ. ಬಟ್ಟೆ ತೇವ ಹಿಡಿದಿಟ್ಟುಕೊಂಡು ಎರಡು ಪದರದ ನಡುವೆ, ಯಾರಿಗೂ ಕಾಣದ ಜಾಗದಲ್ಲಿ, ಮರ ಕೊಳೆಯೋಕೆ ಶುರುವಾಗುತ್ತೆ. ಮೇಲೆ ನೋಡಿದರೆ ಕನ್ನಡಿಯಂಥ ವಾರ್ನಿಷ್.

ಇದನ್ನು ಮಾಡಿದವರಿಗೂ ಇದು ಎಪ್ಪತ್ತು ವರ್ಷ ಬಾಳಲಿ ಅನ್ನೋ ಆಸೆ ಇರಲಿಲ್ಲ. ಅದು ಬೇಸಿಗೆಯ ಸಾಮಾನು. 1950ರ ದಶಕದಲ್ಲಿ ಫೈಬರ್‌ಗ್ಲಾಸ್ ಬಂದಿದ್ದೇ ತಡ, ಜನ ಅತ್ತ ಹೊರಳಿದರು. ವಾರ್ನಿಷ್ ಬೇಡ, ನೆನೆಹಾಕೋದು ಬೇಡ, ಯಾರಿಗೆ ಬೇಡ ಹೇಳಿ? 1960ರಲ್ಲಿ ಸ್ಮಿತ್ ಮನೆತನ ಕಂಪನಿಯನ್ನೇ ಮಾರಿಬಿಟ್ಟಿತು. 1970ರ ದಶಕದ ಆರಂಭಕ್ಕೆ ಮರದ ದೋಣಿ ಮಾಡೋದೂ ನಿಂತಿತು. ಹಿತ್ತಲಲ್ಲಿ ಕೊಳೆತವು, ಒಲೆಗೆ ಹೋದವು ಎಷ್ಟೋ.

ಸರಿಯಾಗಿ ಅದೇ ಹೊತ್ತಿಗೆ ಕೆಲವರಿಗೆ ಹೊಟ್ಟೆ ಉರೀತು. 1973ರಲ್ಲಿ ಕ್ರಿಸ್-ಕ್ರಾಫ್ಟ್ ಮಾಲೀಕರದ್ದೇ ಒಂದು ಕ್ಲಬ್ಬು, 1975ರಲ್ಲಿ ಎಲ್ಲ ಹಳೆಯ ದೋಣಿಗಳಿಗೂ ಸೇರಿ ಆಂಟಿಕ್ ಅಂಡ್ ಕ್ಲಾಸಿಕ್ ಬೋಟ್ ಸೊಸೈಟಿ ಹುಟ್ಟಿದವು. 1981ರಲ್ಲಿ ಹೆನ್ರಿ ಫೊಂಡಾ, ಕ್ಯಾಥರೀನ್ ಹೆಪ್‌ಬರ್ನ್ ಅವರ ‘ಆನ್ ಗೋಲ್ಡನ್ ಪಾಂಡ್’ ಸಿನಿಮಾ ಬಂತು. ಅದರಲ್ಲಿ ಓಡಾಡುವ ದೋಣಿ ಕ್ರಿಸ್-ಕ್ರಾಫ್ಟ್‌ನ ಇದೇ 22 ಅಡಿಯ ಸ್ಪೋರ್ಟ್ಸ್‌ಮನ್. ನಮ್ಮ ಸಹೋದ್ಯೋಗಿಯ ತಂದೆ ಆ ಸಿನಿಮಾ ನೋಡಿ ಬಂದ ಮೇಲೇ ದೋಣಿಯ ಮೇಲಿದ್ದ ಹಳೇ ಟಾರ್ಪಾಲು ತೆಗೆದರಂತೆ.

ರಿಪೇರಿ ಮಾಡೋಕೆ ಹೊರಟವರಿಗೆ ಪುಣ್ಯಕ್ಕೆ ಒಂದು ನಿಧಿ ಉಳಿದಿತ್ತು. ಕಾರ್ಖಾನೆಯಲ್ಲಿ ಪ್ರತಿ ದೋಣಿಗೂ ಒಂದು ರಟ್ಟಿನ ಕಾರ್ಡು ಇಡುತ್ತಿದ್ದರು, ‘ಹಲ್ ಕಾರ್ಡ್’ ಅಂತ. ದೋಣಿಯ ನಂಬರು, ಯಾವ ಎಂಜಿನ್, ಅದರ ನಂಬರು, ಏನೇನು ಜೋಡಿಸಿದೆ, ಯಾವತ್ತು ಯಾವ ಊರಿನ ಡೀಲರಿಗೆ ಕಳಿಸಿದ್ದು. ಈ ಕಾರ್ಡುಗಳೂ ನಕ್ಷೆಗಳೂ ಈಗ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್‌ನಲ್ಲಿರುವ ಮರೀನರ್ಸ್ ಮ್ಯೂಸಿಯಂನಲ್ಲಿವೆ. ನಿಮ್ಮ ದೋಣಿಯ ನಂಬರು ಕೊಟ್ಟು ದುಡ್ಡು ಕಟ್ಟಿದರೆ ಪ್ರತಿ ಕಳಿಸುತ್ತಾರೆ. ನಾನು ಬರೆಯೋ ಸಾಫ್ಟ್‌ವೇರಿಗೆ ಮೂರು ವರ್ಷದ ಹಿಂದೆ ಯಾರು ಏನು ಬದಲಾಯಿಸಿದರು ಅಂತ ಹುಡುಕಿದರೆ ಸಿಗಲ್ಲ, ಇಲ್ಲಿ 1950ರ ಸ್ಟಾರ್ಟರ್ ಮೋಟರಿನ ಲೆಕ್ಕ ಇದೆ.

ನಂಬರು ಎಲ್ಲಿರುತ್ತೆ ಅಂದರೆ ಎಂಜಿನ್ ಮುಚ್ಚಳದ ಅಡಿ, ಸೀಟಿನ ಹಿಂದೆ, ಒಳಹಲಗೆಗಳ ಬೆನ್ನಲ್ಲಿ. ಬಿಚ್ಚಿದರೆ ಮತ್ತೆ ಅದೇ ದೋಣಿಗೆ ಸೇರಲಿ ಅಂತ ಕೆಲಸಗಾರರು ಪೆನ್ಸಿಲ್ಲಿನಲ್ಲಿ ಗೀಚಿಟ್ಟಿರುತ್ತಿದ್ದರು.

ಎರಡನೇ ವರ್ಷ ಮೇ ತಿಂಗಳಲ್ಲಿ ದೋಣಿ ಬಾಯಿ ಮುಚ್ಚಲಿಲ್ಲ. ನಾಲ್ಕು ದಿನ, ಐದು ದಿನ, ಪಂಪು ನಿಂತೇ ಇಲ್ಲ. ಮೇಲೆತ್ತಿ ಒಂದು ಹಲಗೆ ಬಿಚ್ಚಿದೆವು. ಆ ಸ್ಕ್ರೂಗಳ ತಲೆ ಫಿಲಿಪ್ಸ್ ಥರ ಕಾಣುತ್ತೆ, ಅಲ್ಲ. ಫ್ರಿಯರ್ಸನ್ ಅಂತ ಬೇರೆ ಜಾತಿ, ಅದರ ಡ್ರೈವರ್ ಮೊನೆ ಹೆಚ್ಚು ಚೂಪು. ಗೊತ್ತಿಲ್ಲದೆ ನನ್ನ ಫಿಲಿಪ್ಸ್ ಹಾಕಿ ತಿರುಗಿಸಿ ಎರಡು ಸ್ಕ್ರೂ ತಲೆ ಕೆಡಿಸಿದೆ. ಅವರು ಏನೂ ಅನ್ನಲಿಲ್ಲ, ಡ್ರೈವರ್ ಮಾತ್ರ ಕೈಯಿಂದ ಇಸ್ಕೊಂಡರು. ಹಲಗೆ ಕೆಳಗಿನ ಬಟ್ಟೆ ಕಪ್ಪಗೆ ಕೆಸರಾಗಿತ್ತು. ಒಳಹಲಗೆಗೆ ಬೆರಳು ಒತ್ತಿದರೆ ಒಳಗೇ ಹೋಯಿತು.

ಇಲ್ಲಿ ಎರಡು ದಾರಿ. ಒಂದು, ಮೊದಲಿದ್ದ ಹಾಗೇ ಬಟ್ಟೆ, ಮಸಾಲೆ ಹಾಕಿ ತಳ ಕಟ್ಟೋದು. ಪ್ರತಿ ವರ್ಷ ನೆನೆಹಾಕೋದು. ಇನ್ನೊಂದು, ಈಗ ತುಂಬ ಜನ ಮಾಡೋ ಹಾಗೆ, ಬಟ್ಟೆ ಜಾಗದಲ್ಲಿ ಥ್ರೀಎಂ 5200 ಅನ್ನೋ ರಬ್ಬರಿನಂಥ ಅಂಟು ತುಂಬಿ ಸಿಲಿಕಾನ್ ಬ್ರಾಂಜ್ ಸ್ಕ್ರೂ ಹಾಕೋದು. ನೆನೆಹಾಕೋ ಗೋಜೇ ಇಲ್ಲ, ಆದರೆ ಮುಂದೆ ಯಾರಾದರೂ ಬಿಚ್ಚಬೇಕಾದರೆ ಹಲಗೆ ಸೀಳಿಯೇ ಬರಬೇಕು. ಮೊದಲನೆಯದು ಸರಿ ಅನ್ನೋದು ನನ್ನ ಮನಸ್ಸು. ಬಿಚ್ಚೋಕೆ ಆಗೋ ಹಾಗೆ ಕಟ್ಟಿದ್ದರಿಂದಲೇ ತಾನೇ ಅದು ಇಲ್ಲಿವರೆಗೆ ಬಂದಿದ್ದು? ಆದ್ರೆ ದೋಣಿ ನನ್ನದಲ್ಲ. "ನನಗೆ ಅರವತ್ತಮೂರು. ಕೆಳಗೆ ಮಲಗಿ ಇನ್ನೊಂದು ಸಲ ಈ ಕೆಲಸ ಮಾಡೋಕಾಗಲ್ಲ" ಅಂದರು ಅವರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. 5200 ತರಿಸಿದರು.

ಅಷ್ಟರಲ್ಲಿ ಕಾರ್ಡಿನ ಪ್ರತಿ ಬಂತು. ಅವರ ತಂದೆ ಸಾಯೋವರೆಗೂ ಹೇಳುತ್ತಿದ್ದದ್ದು, ಆಲ್ಗೊನಾಕ್ ಕಾರ್ಖಾನೆಯ ಕಟ್ಟೆಯಿಂದ ಹೊಸ ದೋಣಿಯನ್ನು ತಾವೇ ಓಡಿಸಿಕೊಂಡು ಬಂದೆ ಅಂತ. ಕಾರ್ಡಿನಲ್ಲಿ ಬರೆದಿದ್ದು, ಪಕ್ಕದ ಓಹಿಯೋ ರಾಜ್ಯದ ಡೀಲರಿಗೆ ಕಳಿಸಿದ್ದು. ಅಂದರೆ ಅವರಿಗೆ ಸಿಕ್ಕಿದ್ದು ಸೆಕೆಂಡ್ ಹ್ಯಾಂಡ್. ಸಹೋದ್ಯೋಗಿ ಅದನ್ನು ಎರಡು ಮೂರು ಸಲ ಓದಿದರು. ಆಮೇಲೆ ಟಾರ್ಚು ಹಿಡಿದು ಎಂಜಿನ್ ಹತ್ತಿರ ಬಗ್ಗಿ, ಬಟ್ಟೆಯಿಂದ ಗ್ರೀಸು ಒರೆಸಿ ನಂಬರು ಓದಿದರು. ಮಾಡೆಲ್ ಕೆ, 95 ಅಶ್ವಶಕ್ತಿ, ಹರ್ಕ್ಯುಲಿಸ್ ಕಂಪನಿಯ ಬ್ಲಾಕು. ಕಾರ್ಡಿನ ನಂಬರಿಗೆ ಅಂಕಿ ಅಂಕಿಯೂ ತಾಳೆಯಾಯಿತು.

ನೀರಿನಿಂದಲೇ ತಂಪಾಗುವ ಎಂಜಿನ್ ಅದು. ಚಳಿಗಾಲಕ್ಕೆ ಮುಂಚೆ ಕೊನೇ ಹನಿಯವರೆಗೂ ಬಸಿಯದೆ ಬಿಟ್ಟರೆ ಒಳಗಿನ ನೀರು ಹೆಪ್ಪುಗಟ್ಟಿ ಬ್ಲಾಕು ಸೀಳಿಬಿಡುತ್ತೆ. ಒಂದೇ ಒಂದು ಅಕ್ಟೋಬರ್ ಮರೆತರೂ ಮುಗೀತು. ಸಹೋದ್ಯೋಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮರೆತಿಲ್ಲ ನೋಡು ಅಪ್ಪ" ಅಂದರು. ತಂಗಿಗೆ ಫೋನ್ ಮಾಡಿ ಓಹಿಯೋ ವಿಷಯವನ್ನೂ ಹೇಳಿದರು. ಆ ಕಡೆಯಿಂದ ನಗು ನನಗೂ ಕೇಳಿಸಿತು.

ತಳ ಮುಗಿಯೋಕೆ ಮುಂದಿನ ಬೇಸಿಗೆ ಆಯಿತು, ಅಷ್ಟರಲ್ಲಿ ನನ್ನ ವೀಸಾ ಮುಗಿದು ಬೆಂಗಳೂರಿಗೆ ಬಂದಿದ್ದೆ. ನೀರಿಗಿಳಿಸಿದ ದಿನ ವಿಡಿಯೋ ಕಳಿಸಿದರು. ಪೆಟ್ರೋಲ್ ಆವಿ ತಳದಲ್ಲಿ ಕೂತಿದ್ದರೆ ಒಂದು ಕಿಡಿ ಸಾಕು ಅಂತ ಮೊದಲು ನಾಲ್ಕು ನಿಮಿಷ ಫ್ಯಾನ್ ಓಡಿಸಿದರು, ಮೂಸಿ ನೋಡಿದರು, ಆಮೇಲೆ ಕೀಲಿ ತಿರುಗಿಸಿದರು. ಒಳಗೆ ಒಂದು ಹನಿ ನೀರಿಲ್ಲ. ಹಿಂದೆ ಶೆಡ್ಡಿನ ಗೋಡೆಗೆ ಒರಗಿಸಿಟ್ಟ ಹಳೇ ಹಲಗೆಗಳು ಕಾಣುತ್ತಿದ್ದವು, ಪೆನ್ಸಿಲ್ ನಂಬರು ಇರೋ ಮಗ್ಗುಲು ಈ ಕಡೆ ಮಾಡಿ.