ಮೇಲಿನವರಿಗೊಂದು ಸಲಹೆ, ಕೆಳಗಿನವರಿಗೊಂದು

1879ರ ಆಗಸ್ಟ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಗ್ಲಾಸ್ಗೋದಿಂದ ನ್ಯೂಯಾರ್ಕಿಗೆ 'ಡಿವೋನಿಯಾ' ಎಂಬ ಹಡಗು ಹತ್ತಿದರು. ಆಗಿನ್ನೂ ಅವರು ಹೆಸರು ಮಾಡಿರಲಿಲ್ಲ. ಜೇಬಿನಲ್ಲಿ ಹೆಚ್ಚು ಹಣವೂ ಇರಲಿಲ್ಲ. ಹಡಗಿನ ತಳಭಾಗದ 'ಸ್ಟಿಯರೇಜ್' ದರ್ಜೆಗೆ ಆರು ಗಿನಿ, ಅದರ ಮಗ್ಗುಲಲ್ಲೇ ತೆಳು ಹಲಗೆ ಅಡ್ಡಗಟ್ಟಿ ಮಾಡಿದ್ದ ಎರಡನೇ ಕ್ಯಾಬಿನ್ನಿಗೆ ಎಂಟು ಗಿನಿ. ಬರೆಯಲು ಒಂದು ಮೇಜು ಸಿಗುತ್ತದೆಂಬ ಆಸೆಗೆ ಅವರು ಎಂಟು ಗಿನಿ ತೆತ್ತರು.

ಹೆಚ್ಚಿನ ಎರಡು ಗಿನಿಗೆ ಸಿಕ್ಕಿದ್ದು ಮೇಜೊಂದೇ ಅಲ್ಲ. ಹಾಸಿಗೆ ಮತ್ತು ಊಟದ ಪಾತ್ರೆಗಳನ್ನು ಹಡಗಿನವರೇ ಕೊಡುತ್ತಿದ್ದರು. ಸ್ಟಿಯರೇಜ್ ಪ್ರಯಾಣಿಕರು ಇವನ್ನೆಲ್ಲ ಊರಿನಿಂದಲೇ ಹೊತ್ತು ತರಬೇಕಿತ್ತು. ಬೆಳಿಗ್ಗೆ ಚಹಾ ಬೇಕೋ ಕಾಫಿ ಬೇಕೋ ಎಂದು ಕೇಳುವ ಮರ್ಯಾದೆಯೂ ಎಂಟು ಗಿನಿಯವರಿಗಿತ್ತು. ಆದರೆ ಎರಡಕ್ಕೂ ರುಚಿಯಲ್ಲಿ ವ್ಯತ್ಯಾಸವೇ ತಿಳಿಯುತ್ತಿರಲಿಲ್ಲ ಎಂದು ಸ್ಟೀವನ್‌ಸನ್ ಹಾಸ್ಯ ಮಾಡಿದ್ದಾರೆ. ಈ ಪ್ರಯಾಣದ ಬಗ್ಗೆ ಅವರು ಬರೆದ 'ದಿ ಅಮೆಚೂರ್ ಎಮಿಗ್ರಂಟ್' ಮನೆಯವರಿಗೆ ಹಿಡಿಸಲಿಲ್ಲ. ಅಚ್ಚಿಗೆ ಹೋಗಿದ್ದ ಪುಸ್ತಕವನ್ನು ತಂದೆಯೇ ತಡೆದರು. ಅದು ಹೊರಬಂದದ್ದು ಲೇಖಕರು ತೀರಿಕೊಂಡ ಮೇಲೆ, 1895ರಲ್ಲಿ.

ಒಂದು ತೆಳು ಹಲಗೆಯ ಈಚೆ ಒಂದು ಲೋಕ, ಆಚೆ ಇನ್ನೊಂದು. ಅಟ್ಲಾಂಟಿಕ್ ದಾಟುವ ಹಡಗುಗಳ ನೂರು ವರ್ಷಗಳ ಕತೆ ಬಹುಮಟ್ಟಿಗೆ ಇದೇ. ಪ್ರಯಾಣಿಕರಿಗಾಗಿ ಕಂಪನಿಗಳೂ ಅನುಭವಸ್ಥರೂ ಹೇಳುತ್ತಿದ್ದ ಬುದ್ಧಿಮಾತುಗಳನ್ನು ನೋಡಿದರೂ ಸಾಕು, ಯಾರು ಯಾವ ಹಲಗೆಯ ಯಾವ ಬದಿಗಿದ್ದರೆಂಬುದು ಗೊತ್ತಾಗುತ್ತದೆ.

ಮೊದಲು ಮೇಲಿನವರ ವಿಷಯ.

ಪ್ರಯಾಣ ಶುರುವಾಗುತ್ತಿದ್ದುದು ಟ್ರಂಕಿನಿಂದ. ಹಡಗಿನ ಕ್ಯಾಬಿನ್ನಿನಲ್ಲಿ ಎತ್ತರದ ಪೆಟ್ಟಿಗೆಗೆ ಜಾಗವಿಲ್ಲ. ಮಂಚದ ಕೆಳಗೆ ತಳ್ಳಬಹುದಾದ ತಗ್ಗಿನ ಟ್ರಂಕಿಗೆ 'ಸ್ಟೀಮರ್ ಟ್ರಂಕ್' ಎಂದೇ ಹೆಸರು ಬಿತ್ತು. ಉಳಿದ ದೊಡ್ಡ ಸಾಮಾನಿಗೆ 'ಪ್ರಯಾಣದಲ್ಲಿ ಬೇಡ' ಎಂಬ ಅರ್ಥದ ಚೀಟಿ ಅಂಟಿಸಿದರೆ ಅದು ನೇರವಾಗಿ ಹಡಗಿನ ಉಗ್ರಾಣಕ್ಕೆ. ಚೀಟಿ ಅದಲುಬದಲಾದರೆ ಒಂದು ವಾರ ಉಟ್ಟ ಬಟ್ಟೆಯಲ್ಲೇ ಕಳೆಯಬೇಕು! ಹೆಸರಿನ ಮೊದಲ ಅಕ್ಷರವನ್ನು ದಪ್ಪಗೆ ಬರೆದ ಇನ್ನೊಂದು ಚೀಟಿಯೂ ಇರುತ್ತಿತ್ತು. ನ್ಯೂಯಾರ್ಕಿನ ಬಂದರುಕಟ್ಟೆಯ ಸುಂಕದ ಶೆಡ್ಡಿನಲ್ಲಿ ಅಕ್ಷರಗಳ ಫಲಕ ತೂಗುಬಿಟ್ಟಿರುತ್ತಿದ್ದರು. ಪೆಟ್ಟಿಗೆಗಳನ್ನು ಆಯಾ ಅಕ್ಷರದ ಕೆಳಗೆ ರಾಶಿ ಹಾಕುತ್ತಿದ್ದರು.

ಎರಡನೆಯ ಸಲಹೆ ಕ್ಯಾಬಿನ್ನಿನ ಬಗ್ಗೆ. ಹಡಗಿನ ನಡುಭಾಗದಲ್ಲಿ, ಆದಷ್ಟು ಕೆಳಗಿನ ಅಂತಸ್ತಿನಲ್ಲಿ ಕೋಣೆ ಹಿಡಿಯಬೇಕು. ತೊಟ್ಟಿಲನ್ನು ತೂಗಿದಾಗ ತುದಿ ಹೆಚ್ಚು ಆಡುತ್ತದೆ, ನಡು ಕಡಿಮೆ. ಹಡಗಿನದೂ ಅದೇ ಲೆಕ್ಕ. ಇನ್ನು ಬಿಸಿಲಿನ ಪ್ರಶ್ನೆ. ಅಮೆರಿಕದ ಕಡೆಗೆ, ಅಂದರೆ ಪಶ್ಚಿಮಕ್ಕೆ ಹೋಗುವಾಗ ಹಡಗಿನ ಎಡಬದಿ ದಕ್ಷಿಣಕ್ಕಿರುತ್ತದೆ. ಚಳಿಯ ಅಟ್ಲಾಂಟಿಕ್‌ನಲ್ಲಿ ಬಿಸಿಲು ಬೇಕಾದವರು ಆ ಬದಿಯ ಡೆಕ್ಕಿನಲ್ಲಿ ಕುರ್ಚಿ ಹಾಕಿಸಿಕೊಳ್ಳಬೇಕು, ಬರುವಾಗ ಬಲಬದಿಯಲ್ಲಿ. ಭಾರತಕ್ಕೆ ಬರುವ ಬ್ರಿಟಿಷರಿಗೆ ಬೇಕಾಗಿದ್ದುದು ನೆರಳು. ಅವರು ಪೂರ್ವಕ್ಕೆ ಬರುವಾಗ ಎಡಬದಿ, ಹಿಂದಿರುಗುವಾಗ ಬಲಬದಿ ಕೇಳುತ್ತಿದ್ದರು, ಈ ನಾಲ್ಕು ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿ 'ಪಾಷ್' ಎಂಬ ಮಾತು ಹುಟ್ಟಿತು ಎಂಬ ಕತೆ ಬಹಳ ಪ್ರಸಿದ್ಧ. ಕತೆ ಸೊಗಸಾಗಿದೆ. ಆದರೆ ಅಂಥ ಅಕ್ಷರ ಒತ್ತಿದ ಒಂದು ಟಿಕೆಟೂ ಸಿಕ್ಕಿಲ್ಲ. ನಿಘಂಟುಕಾರರು ಇದನ್ನು ಒಪ್ಪುವುದಿಲ್ಲ.

ಹಡಗು ಹತ್ತಿದ ಕೂಡಲೇ ಕೈಬೀಸಿ ಬೀಳ್ಕೊಡುವವರನ್ನು ನೋಡುತ್ತ ನಿಲ್ಲಬಾರದು ಎನ್ನುತ್ತಿದ್ದರು ಪಳಗಿದವರು. ಮೊದಲು ಊಟದ ಮನೆಯ ಮೇಲ್ವಿಚಾರಕನನ್ನು ಕಂಡು ಮೇಜು ಗೊತ್ತುಮಾಡಿಕೊಳ್ಳಬೇಕು. ಏಕೆಂದರೆ ಪ್ರಯಾಣ ಮುಗಿಯುವವರೆಗೂ ಅದೇ ಮೇಜು, ಅವೇ ಮುಖಗಳು. ಆಮೇಲೆ ಡೆಕ್ಕಿನ ಸ್ಟೂವರ್ಡ್‌ಗೆ ಬಾಡಿಗೆ ಕೊಟ್ಟು ಕುರ್ಚಿಗೆ ಹೆಸರಿನ ಚೀಟಿ ಹಾಕಿಸಬೇಕು. ಕೋಣೆಗೊಂದು ಬಚ್ಚಲು ಇಲ್ಲದ ದಿನಗಳಲ್ಲಿ ಸ್ನಾನಕ್ಕೂ ಸರದಿ ಹಿಡಿಯಬೇಕಿತ್ತು. ತೊಟ್ಟಿಗೆ ಬಿಡುತ್ತಿದ್ದುದು ಸಾಮಾನ್ಯವಾಗಿ ಬಿಸಿಮಾಡಿದ ಸಮುದ್ರದ ನೀರು. ಉಪ್ಪುನೀರಿನಲ್ಲಿ ಮಾಮೂಲಿ ಸೋಪು ನೊರೆ ಬರುವುದಿಲ್ಲವಾದ್ದರಿಂದ ಅದಕ್ಕೆ ಬೇರೆಯದೇ ಸೋಪು.

ಉಡುಪಿನ ವಿಷಯದಲ್ಲಿ ಸೂಕ್ಷ್ಮಗಳಿದ್ದವು. ಅಮೆರಿಕದ ಎಮಿಲಿ ಪೋಸ್ಟ್ 1922ರಲ್ಲಿ ಬರೆದ ಶಿಷ್ಟಾಚಾರದ ಹೆಬ್ಬೊತ್ತಿಗೆಯಲ್ಲಿ ಹಡಗಿನ ನಡವಳಿಕೆಗೂ ಜಾಗವಿದೆ. ಹಡಗಿನಲ್ಲಿ ಝಗಝಗಿಸುವ ಸಂಜೆಯುಡುಪು ತೊಟ್ಟು ಮೆರೆಯುವುದು ಹಳೇ ಮನೆತನದವರ ಲಕ್ಷಣವಲ್ಲ ಎಂಬುದು ಆಕೆಯ ಅಭಿಪ್ರಾಯ. ಅಂದರೆ ಅತಿಯಾಗಿ ಸಿಂಗರಿಸಿಕೊಂಡವರು ಹೊಸದಾಗಿ ದುಡ್ಡು ಕಂಡವರೆಂದು ಗುಟ್ಟು ಬಯಲಾದಂತೆ! ಮೊದಲ ರಾತ್ರಿ ಮತ್ತು ಕೊನೆಯ ರಾತ್ರಿ ಯಾರೂ ವಿಶೇಷ ಉಡುಪು ಧರಿಸುತ್ತಿರಲಿಲ್ಲ. ಮೊದಲ ದಿನ ಟ್ರಂಕು ಇನ್ನೂ ಬಿಚ್ಚಿರುವುದಿಲ್ಲ, ಕೊನೆಯ ದಿನ ಆಗಲೇ ಕಟ್ಟಿಯಾಗಿರುತ್ತದೆ. ಆ ಕೊನೆಯ ದಿನವೇ ಭಕ್ಷೀಸು ಕೊಡುವುದು ರೂಢಿ.

ಜೂಜಿನ ಬಗ್ಗೆ ಕಂಪನಿಗಳೇ ಎಚ್ಚರಿಸುತ್ತಿದ್ದವು. ಹಡಗಿನಲ್ಲಿರುವವರ ಹೆಸರುಗಳನ್ನು ಅಚ್ಚುಮಾಡಿ ಹಂಚುವ ಪುಸ್ತಿಕೆಯಲ್ಲೇ, ಇಸ್ಪೀಟಿನ ವೃತ್ತಿಪರ ಮೋಸಗಾರರು ಈ ದಾರಿಯಲ್ಲಿ ಓಡಾಡುತ್ತಿರುವ ಸುಳಿವಿದೆ ಎಂಬ ಪ್ರಕಟಣೆ ಇರುತ್ತಿತ್ತು. ವಾರವಿಡೀ ಬೇಸರದಿಂದ ಕೂತ ಹಣವಂತರು, ಇಳಿದ ಮೇಲೆ ಮತ್ತೆಂದೂ ಕಣ್ಣಿಗೆ ಬೀಳದ ಜೊತೆಗಾರರು: ಮೋಸಗಾರನಿಗೆ ಇದಕ್ಕಿಂತ ಒಳ್ಳೆಯ ಸಂತೆ ಎಲ್ಲಿ ಸಿಗಬೇಕು? ಕುಡಿತಪ್ರಿಯರಿಗೆ ಇನ್ನೊಂದು ಸಲಹೆಯಿತ್ತು. ಅಮೆರಿಕದಲ್ಲಿ ಪಾನನಿಷೇಧವಿದ್ದ 1920ರ ದಶಕದಲ್ಲಿ ಆ ದೇಶದ ಬಾವುಟ ಹಾರಿಸುವ ಹಡಗುಗಳೂ ಒಣಗಿದ್ದವು. ಬ್ರಿಟಿಷ್ ಅಥವಾ ಫ್ರೆಂಚ್ ಹಡಗಿನ ಟಿಕೆಟ್ ಕೊಂಡರೆ ಆ ತೊಂದರೆಯಿಲ್ಲ.

ವಾಂತಿ ಮತ್ತು ತಲೆಸುತ್ತಿಗೆ ಮಾತ್ರ ಮೇಲಿನವರು ಕೆಳಗಿನವರು ಎಂಬ ಭೇದವಿರಲಿಲ್ಲ. ಶುಂಠಿ, ಒಣ ಬಿಸ್ಕತ್ತು, ತಂಪಾದ ಗಾಳಿ, ದಿಗಂತದ ಕಡೆ ನೆಟ್ಟ ನೋಟ, ದುಡ್ಡಿದ್ದವರಿಗೆ ಷಾಂಪೇನ್ ಹೀಗೆ ಮದ್ದುಗಳಿಗೆ ಲೆಕ್ಕವಿರಲಿಲ್ಲ. ನಿಜವಾದ ಮದ್ದು ಸಿಕ್ಕಿದ್ದು ಆಕಸ್ಮಿಕವಾಗಿ. ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯ ವೈದ್ಯರು ಮೈಮೇಲೆ ಗಂಧೆ ಏಳುತ್ತಿದ್ದ ರೋಗಿಯೊಬ್ಬರಿಗೆ ಕೊಟ್ಟ ಹೊಸ ಔಷಧಿಯಿಂದ, ಟ್ರಾಮಿನಲ್ಲಿ ಕೂತಾಗ ಅವರಿಗೆ ಬರುತ್ತಿದ್ದ ವಾಕರಿಕೆಯೂ ನಿಂತುಹೋಯಿತು. 1948ರ ಕೊನೆಗೆ 'ಜನರಲ್ ಬಲೂ' ಎಂಬ ಸೈನಿಕ ಹಡಗಿನಲ್ಲಿ ಅಟ್ಲಾಂಟಿಕ್ ದಾಟುತ್ತಿದ್ದ ಯೋಧರ ಮೇಲೆ ಅದನ್ನು ಪರೀಕ್ಷಿಸಿದರು. ಅದೇ 'ಡ್ರಾಮಮೈನ್'. ಅಷ್ಟು ಹೊತ್ತಿಗೆ ಲೈನರ್ ಹಡಗುಗಳಿಗೆ ಉಳಿದಿದ್ದ ಒಳ್ಳೆಯ ದಿನಗಳು ಹತ್ತು ವರ್ಷ ಮಾತ್ರ.

ಇದಿಷ್ಟೂ ಹಲಗೆಯ ಈಚಿನ ಮಾತು. ಆಚೆ ಬದಿಯಲ್ಲಿ ಮೇಜು, ಕುರ್ಚಿ, ಉಡುಪು ಯಾವುದೂ ಪ್ರಶ್ನೆಯೇ ಅಲ್ಲ. ಅಲ್ಲಿದ್ದದ್ದು ಒಂದೇ ಚಿಂತೆ: ಆ ದಡದಲ್ಲಿ ಇಳಿಯಲು ಬಿಡುತ್ತಾರೋ ಇಲ್ಲವೋ.

1892ರ ಜನವರಿ 1ರಂದು ನ್ಯೂಯಾರ್ಕ್ ಬಂದರಿನ ಎಲ್ಲಿಸ್ ದ್ವೀಪದಲ್ಲಿ ವಲಸೆ ತಪಾಸಣಾ ಕೇಂದ್ರ ತೆರೆಯಿತು. 1954ರಲ್ಲಿ ಮುಚ್ಚುವವರೆಗೆ ಸುಮಾರು 1.2 ಕೋಟಿ ಜನ ಅದನ್ನು ಹಾದುಹೋದರು. ಆದರೆ ಮೊದಲ ಮತ್ತು ಎರಡನೇ ದರ್ಜೆಯವರು ಸಾಮಾನ್ಯವಾಗಿ ಆ ದ್ವೀಪದ ಮೆಟ್ಟಿಲು ಹತ್ತಬೇಕಿರಲಿಲ್ಲ. ಅಧಿಕಾರಿಗಳೇ ಹಡಗಿಗೆ ಬಂದು ನಾಲ್ಕು ಪ್ರಶ್ನೆ ಕೇಳಿ ಬಿಡುತ್ತಿದ್ದರು. ದೋಣಿಗಳಲ್ಲಿ ತುಂಬಿಸಿ ದ್ವೀಪಕ್ಕೆ ಒಯ್ಯುತ್ತಿದ್ದುದು ಸ್ಟಿಯರೇಜ್‌ನವರನ್ನು. ಇದು ಗೊತ್ತಿದ್ದ ಕೆಲವರು ಹೇಗೋ ಹಣ ಹೊಂದಿಸಿ ಎರಡನೇ ದರ್ಜೆಯ ಟಿಕೆಟ್ ಕೊಳ್ಳುತ್ತಿದ್ದರು. ಹೆಚ್ಚಿನ ಹಣ ಕೊಟ್ಟಿದ್ದು ಸುಖಕ್ಕಲ್ಲ, ತಪಾಸಣೆಯಿಂದ ಪಾರಾಗುವುದಕ್ಕೆ.

ತಪಾಸಣೆ ಶುರುವಾಗುತ್ತಿದ್ದುದು ಯುರೋಪಿನಲ್ಲೇ. ತಿರಸ್ಕೃತರಾದವರನ್ನು ತನ್ನದೇ ಖರ್ಚಿನಲ್ಲಿ ವಾಪಸು ಒಯ್ಯುವುದು ಹಡಗು ಕಂಪನಿಯ ಹೊಣೆ ಎಂದು 1891ರ ಅಮೆರಿಕದ ಕಾನೂನು ಹೇಳಿತು. ಮುಂದಿನ ವರ್ಷವೇ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ಸತ್ತರು. 'ಹಾಪಾಗ್' ಕಂಪನಿಯ ಆಲ್ಬರ್ಟ್ ಬಾಲಿನ್ 1901ರಲ್ಲಿ ವಲಸಿಗರಿಗಾಗಿಯೇ ಅಲ್ಲಿ ವಸತಿಗೃಹಗಳನ್ನು ಕಟ್ಟಿಸಿದರು. ಸ್ನಾನ, ಬಟ್ಟೆಗಳ ಕ್ರಿಮಿನಾಶ, ವೈದ್ಯಕೀಯ ಪರೀಕ್ಷೆ, ಎಲ್ಲ ಅಲ್ಲೇ. ಇದರಲ್ಲಿ ದಯೆ ಎಷ್ಟಿತ್ತೋ, ವಾಪಸಾತಿಯ ಖರ್ಚು ಉಳಿಸುವ ಲೆಕ್ಕವೂ ಅಷ್ಟೇ ಇತ್ತು.

ಎಲ್ಲಿಸ್ ದ್ವೀಪದ ಮಹಡಿ ಮೆಟ್ಟಿಲೇ ಮೊದಲ ಪರೀಕ್ಷೆ. ಯಾರಿಗೆ ಏದುಸಿರು ಬರುತ್ತದೆ, ಯಾರು ಕುಂಟುತ್ತಾರೆ ಎಂದು ವೈದ್ಯರು ಮೇಲಿನಿಂದ ನೋಡುತ್ತ ನಿಲ್ಲುತ್ತಿದ್ದರು. ಅನುಮಾನ ಬಂದವರ ಕೋಟಿನ ಮೇಲೆ ಸೀಮೆಸುಣ್ಣದ ಗುರುತು: ಹೃದಯಕ್ಕೆ 'ಎಚ್', ಕುಂಟಿಗೆ 'ಎಲ್', ಕಣ್ಣಿಗೆ 'ಇ', ಬುದ್ಧಿ ಸ್ಥಿಮಿತದ ಬಗ್ಗೆ ಸಂದೇಹವಿದ್ದರೆ 'ಎಕ್ಸ್'. ಚುರುಕಾದ ಕೆಲವರು ಕೋಟನ್ನು ಒಳಮಗ್ಗುಲು ಹೊರಗೆ ಮಾಡಿ ತೊಟ್ಟು ಪಾರಾದರೆಂದು ಹೇಳುತ್ತಾರೆ. ಎಲ್ಲರಿಗೂ ಹೆಚ್ಚು ಭಯವಿದ್ದದ್ದು ಕಣ್ಣಿನ ಪರೀಕ್ಷೆಗೆ. ಶೂಗಳ ಗುಂಡಿ ಹಾಕುವ ಕೊಕ್ಕೆಯಿಂದಲೋ ಬೆರಳಿನಿಂದಲೋ ರೆಪ್ಪೆ ಮಗುಚಿ ಟ್ರಕೋಮಾ ಎಂಬ ಕಣ್ಣುಬೇನೆ ಇದೆಯೇ ಎಂದು ನೋಡುತ್ತಿದ್ದರು. ಇದ್ದರೆ ವಾಪಸು. ಮನೆಯ ಒಂದು ಮಗುವಿಗೆ ಆ ಬೇನೆಯಿದ್ದರೆ, ತಾಯಿ ತಂದೆಯರಲ್ಲಿ ಯಾರು ಅದರೊಂದಿಗೆ ಹಿಂದಿರುಗಬೇಕೆಂಬುದನ್ನು ಅಲ್ಲೇ ನಿಂತು ತೀರ್ಮಾನಿಸಬೇಕಾಗುತ್ತಿತ್ತು.

ಆಮೇಲೆ ಪ್ರಶ್ನೆಗಳು. ಎಲ್ಲಕ್ಕಿಂತ ಮೋಸದ ಪ್ರಶ್ನೆ ಕೇಳಲು ಬಹಳ ಸಾಧುವಾಗಿತ್ತು: ಇಲ್ಲಿ ನಿಮಗೆ ಕೆಲಸ ಗೊತ್ತಾಗಿದೆಯೇ? ಒಳ್ಳೆಯ ಅಭಿಪ್ರಾಯ ಬರಲೆಂದು ಯಾರಾದರೂ 'ಹೌದು' ಎಂದಾರು. ಹಾಗೆಂದರೆ ಕೆಟ್ಟಿತು. ಅಗ್ಗದ ಕೂಲಿಗಳನ್ನು ಮೊದಲೇ ಕರಾರು ಮಾಡಿ ಕರೆತರುವುದನ್ನು 1885ರ ಕಾನೂನು ನಿಷೇಧಿಸಿತ್ತು. ಹಾಗೆಂದು ಕೆಲಸ ಮಾಡುವ ತಾಕತ್ತಿಲ್ಲ ಎನ್ನುವಂತೆಯೂ ಇಲ್ಲ. ಸರ್ಕಾರಕ್ಕೆ ಹೊರೆಯಾಗುವವರೆಂದು ಅದಕ್ಕೂ ವಾಪಸು. ಕೆಲಸ ಮಾಡಬಲ್ಲೆ, ಆದರೆ ಯಾರೂ ಕೆಲಸ ಕೊಡುವುದಾಗಿ ಹೇಳಿಲ್ಲ: ಇವೆರಡರ ನಡುವಿನ ಈ ಕೂದಲೆಳೆಯ ಉತ್ತರವೇ ಸರಿಯುತ್ತರ. ಹಳ್ಳಿಯಿಂದ ನೇರವಾಗಿ ಬಂದ ರೈತನಿಗೆ ಇದು ಹೇಗೆ ಹೊಳೆಯಬೇಕು? ಮೊದಲೇ ಹೋಗಿದ್ದ ಅಣ್ಣನೋ ಮಾವನೋ ಹೇಳಿದ್ದರೆ ಉಂಟು. ಮೇಲಿನವರಿಗೆ ಎಮಿಲಿ ಪೋಸ್ಟ್ ಎಷ್ಟು ಮುಖ್ಯವೋ ಕೆಳಗಿನವರಿಗೆ ನೆಂಟರ ಮಾತು ಅದಕ್ಕೆ ನೂರುಪಾಲು ಮುಖ್ಯ. 1909ರಲ್ಲಿ ಕೇಂದ್ರದ ಮುಖ್ಯಸ್ಥ ವಿಲಿಯಂ ವಿಲಿಯಮ್ಸ್, ಬರುವವರ ಕೈಯಲ್ಲಿ 25 ಡಾಲರ್ ಇರಬೇಕೆಂದು ಸೂಚಿಸಿದರು. ಹಡಗಿನ ಟಿಕೆಟಿಗೇ ಸುಮಾರು 30 ಡಾಲರ್ ತೆತ್ತು ಬಂದವರಿಗೆ ಇದು ಸಣ್ಣ ಮೊತ್ತವಲ್ಲ. ಒಂಟಿಯಾಗಿ ಬಂದ ಹೆಣ್ಣುಮಕ್ಕಳನ್ನು ನೆಂಟರು ಬಂದು ಕರೆದೊಯ್ಯುವವರೆಗೆ ಹೊರಗೆ ಬಿಡುತ್ತಿರಲಿಲ್ಲ.

ಕೊನೆಗೆ ವಾಪಸಾದವರು ನೂರಕ್ಕೆ ಸುಮಾರು 2 ಮಂದಿ. ಶೇಕಡಾವಾರು ನೋಡಿದರೆ ಅಲ್ಪವೇ. ಆದರೆ ಹೊಲ ಮನೆ ಮಾರಿ ಹಡಗು ಹತ್ತಿದವನು ಶೇಕಡಾವಾರು ನೋಡುವುದಿಲ್ಲ.

1921ರಲ್ಲಿ ದೇಶವಾರು ಮಿತಿ ಬಂತು. ತಿಂಗಳಿಗಿಷ್ಟು ಎಂದು ಲೆಕ್ಕ. ಆಗ ವಿಚಿತ್ರ ದೃಶ್ಯವೊಂದು ಶುರುವಾಯಿತು: ತಿಂಗಳ ಕೊನೆಯ ರಾತ್ರಿ ಹಡಗುಗಳು ನ್ಯೂಯಾರ್ಕ್ ಬಂದರಿನ ಹೊರಗೆ ಕಾದು ನಿಂತು, ಗಡಿಯಾರ ಹನ್ನೆರಡು ಹೊಡೆಯುತ್ತಲೇ ಗೆರೆ ದಾಟಲು ಓಟ ಕೀಳುತ್ತಿದ್ದವು. ನಿಮಿಷಗಳ ಅಂತರದಲ್ಲಿ ಒಂದು ದೇಶದ ಪಾಲು ಮುಗಿದುಹೋಗಬಹುದಿತ್ತು. 1924ರ ಕಾನೂನು ಮಿತಿಯನ್ನು ಇನ್ನೂ ಬಿಗಿಗೊಳಿಸಿ, ತಪಾಸಣೆಯನ್ನು ವಿದೇಶಗಳಲ್ಲಿರುವ ಅಮೆರಿಕದ ದೂತ ಕಚೇರಿಗಳಿಗೆ ವರ್ಗಾಯಿಸಿತು. ಸ್ಟಿಯರೇಜ್ ಖಾಲಿಯಾಯಿತು. ಕಂಪನಿಗಳು ಸುಮ್ಮನೆ ಕೂರಲಿಲ್ಲ. ಅವೇ ಜಾಗಗಳಿಗೆ ಬಣ್ಣ ಬಳಿದು, 'ಟೂರಿಸ್ಟ್' ದರ್ಜೆ ಎಂದು ಹೆಸರಿಟ್ಟು, ಯುರೋಪ್ ನೋಡಲು ಹೋಗುವ ಅಮೆರಿಕದ ವಿದ್ಯಾರ್ಥಿಗಳಿಗೂ ಮೇಷ್ಟರುಗಳಿಗೂ ಟಿಕೆಟ್ ಮಾರಿದವು.

ಎರಡೂ ಬದಿಯವರಿಗೆ ಸಮಾನವಾಗಿ ಬೇಕಿದ್ದ ಬುದ್ಧಿಮಾತೊಂದನ್ನು ಮಾತ್ರ ಬಹುಕಾಲ ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಅದು ಜೀವ ಉಳಿಸಿಕೊಳ್ಳುವ ದಾರಿ. 1912ರ ಏಪ್ರಿಲ್‌ನಲ್ಲಿ 'ಟೈಟಾನಿಕ್' ಮುಳುಗಿದಾಗ ಹಡಗಿನಲ್ಲಿದ್ದವರು 2,200ಕ್ಕೂ ಹೆಚ್ಚು. 20 ದೋಣಿಗಳಲ್ಲಿ ಇದ್ದ ಜಾಗ 1,178 ಜನಕ್ಕೆ. ಆ ಜಾಗವೂ ತುಂಬಲಿಲ್ಲ. ಮೊದಲನೇ ದರ್ಜೆಯವರಲ್ಲಿ ನೂರಕ್ಕೆ ಸುಮಾರು 60 ಜನ ಬದುಕಿದರೆ ಮೂರನೇ ದರ್ಜೆಯವರಲ್ಲಿ ಬದುಕಿದವರು ಸುಮಾರು 25. ದೋಣಿಗಳಿದ್ದ ಡೆಕ್ಕಿಗೆ ಹೋಗುವ ದಾರಿಯೇ ಕೆಳಗಿನ ಹಲವರಿಗೆ ತಿಳಿದಿರಲಿಲ್ಲ.

1915ರ ಮೇ 1ರಂದು ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಬಂದದ್ದು ಬಹುಶಃ ಹಡಗಿನ ಪ್ರಯಾಣಿಕರಿಗೆ ಸಿಕ್ಕ ಅತ್ಯಂತ ನೇರವಾದ ಸಲಹೆ. ಯುದ್ಧವಲಯದಲ್ಲಿ ಬ್ರಿಟಿಷ್ ಹಡಗು ಹತ್ತುವವರು ತಮ್ಮದೇ ಜವಾಬ್ದಾರಿಯ ಮೇಲೆ ಹತ್ತಬೇಕೆಂದು ಜರ್ಮನ್ ರಾಯಭಾರ ಕಚೇರಿಯ ಪ್ರಕಟಣೆ ಎಚ್ಚರಿಸಿತ್ತು. ಅದೇ ದಿನ 'ಲೂಸಿಟೇನಿಯಾ' ಹೊರಟಿತು. ಮೇ 7ರಂದು ಐರ್ಲೆಂಡಿನ ಕರಾವಳಿಯ ಬಳಿ ಜರ್ಮನ್ ಜಲಾಂತರ್ಗಾಮಿಯ ಟಾರ್ಪಿಡೊ ತಗುಲಿ 18 ನಿಮಿಷಗಳಲ್ಲಿ ಮುಳುಗಿತು. ಸುಮಾರು 1,200 ಜನ ಸತ್ತರು. ಜೀವರಕ್ಷಕ ಜಾಕೆಟ್ ಇದ್ದೂ ಅದನ್ನು ತಲೆಕೆಳಗಾಗಿ ತೊಟ್ಟವರಿದ್ದರು. ಹೇಗೆ ತೊಡಬೇಕೆಂದು ಅವರಿಗೆ ಯಾರೂ ತೋರಿಸಿರಲಿಲ್ಲ.

ಹಡಗುಗಳು ವೇಗಗೊಳ್ಳುತ್ತಲೇ ಹೋದವು. 1952ರಲ್ಲಿ 'ಯುನೈಟೆಡ್ ಸ್ಟೇಟ್ಸ್' ಎಂಬ ಹಡಗು ನ್ಯೂಯಾರ್ಕಿನ ಕಡೆಯಿಂದ ಇಂಗ್ಲೆಂಡಿಗೆ 3 ದಿನ 10 ಗಂಟೆ 40 ನಿಮಿಷದಲ್ಲಿ ದಾಟಿತು. ಆದರೇನು, 1958ರ ಅಕ್ಟೋಬರ್‌ನಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ಹಾರತೊಡಗಿದವು. 1967ರಲ್ಲಿ 'ಕ್ವೀನ್ ಮೇರಿ' ನಿವೃತ್ತಿಯಾಗಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಸೇರಿತು. 2004ರಿಂದ ಓಡುತ್ತಿರುವ 'ಕ್ವೀನ್ ಮೇರಿ 2' ಬೇಕೆಂದೇ ನಿಧಾನವಾಗಿ, ಸಾಮಾನ್ಯವಾಗಿ ಏಳು ರಾತ್ರಿಗಳಲ್ಲಿ ಸೌತಾಂಪ್ಟನ್‌ನಿಂದ ನ್ಯೂಯಾರ್ಕ್ ತಲುಪುತ್ತದೆ. ದಾರಿಯಲ್ಲಿ ಐದು ಸಲ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಆ ದಿನಗಳಿಗೆ 25 ಗಂಟೆ. ಊಟಕ್ಕೆ ಉಡುಪಿನ ನಿಯಮ ಅಲ್ಲಿ ಇನ್ನೂ ಉಂಟು.

ಸುರಕ್ಷಾ ಕವಾಯತಿಗೆ ಮೊದಲು ಹಡಗು ಹೊರಟ ಮೇಲೆ 24 ಗಂಟೆಗಳ ಅವಕಾಶವಿರುತ್ತಿತ್ತು. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ 'ಕೋಸ್ಟಾ ಕಾನ್‌ಕಾರ್ಡಿಯಾ' ಬಂಡೆಗೆ ಬಡಿದು 32 ಜನ ಸತ್ತರು. ಅದೇ ದಿನ ಹಡಗು ಹತ್ತಿದ್ದ ನೂರಾರು ಪ್ರಯಾಣಿಕರಿಗೆ ಕವಾಯತು ಇನ್ನೂ ಆಗಿರಲಿಲ್ಲ. ಆಮೇಲೆ ಅಂತರರಾಷ್ಟ್ರೀಯ ನಿಯಮ ಬದಲಾಯಿತು. 2015ರಿಂದ ಹಡಗು ಹೊರಡುವ ಮೊದಲು ಅಥವಾ ಹೊರಟ ಕೂಡಲೇ, ಯಾವ ದರ್ಜೆಯ ಟಿಕೆಟ್ ಕೊಂಡವರೇ ಆಗಲಿ, ತಮ್ಮ ದೋಣಿಗಾಗಿ ಎಲ್ಲಿ ಸೇರಬೇಕು, ಜಾಕೆಟ್ ಹೇಗೆ ತೊಡಬೇಕು ಎಂಬುದನ್ನು ಅರಿತುಕೊಳ್ಳಲೇಬೇಕು.