ಹಿತ್ತಲ ಕೊಳಕ್ಕೂ ಒಂದು ಕೋಡಿ ಬೇಕು

ಬೆಂಗಳೂರು ಉತ್ತರದ ಯಲಹಂಕ, ಜಕ್ಕೂರು, ಬಾಗಲೂರು, ರಾಜಾನುಕುಂಟೆ ಕಡೆ ಸ್ವಲ್ಪ ದೊಡ್ಡ ಜಾಗದಲ್ಲಿ ಮನೆ ಕಟ್ಟಿಸುವವರು ಹಿತ್ತಲಲ್ಲಿ ಒಂದು ಅಲಂಕಾರದ ಕೊಳವನ್ನೂ ಕೇಳುತ್ತಾರೆ. ಫೋನಿನಲ್ಲಿ ಫೋಟೊ ತೋರಿಸುತ್ತಾರೆ: ಕಲ್ಲಿನ ಮೇಲಿಂದ ಇಳಿಯುವ ನೀರು, ತಾವರೆ, ಕೆಂಪು ಬಿಳಿ ಕೋಯಿ ಮೀನು. ಕೊಳ ಕಟ್ಟುವವನು ಆ ಫೋಟೊ ನೋಡಿದ ಮೇಲೆ ಕೇಳಬೇಕಾದ್ದು ಎರಡೇ ಪ್ರಶ್ನೆ. ನೀರು ಎಲ್ಲಿಂದ ಬರುತ್ತದೆ? ಹೆಚ್ಚಾದ ನೀರು ಎಲ್ಲಿಗೆ ಹೋಗುತ್ತದೆ? ಈ ಸೀಮೆಯ ಕೆರೆ ಕಟ್ಟಿದವರು ಮೊದಲು ಯೋಚಿಸಿದ್ದೂ ಇದನ್ನೇ. ರಾಜಾನುಕುಂಟೆ ಎಂಬ ಊರ ಹೆಸರಲ್ಲೇ ಕುಂಟೆ, ಅಂದರೆ ಪುಟ್ಟ ಕೆರೆ, ಇದೆ. ಏರಿ, ತೂಬು, ಕೋಡಿ ಎಂಬ ಮಾತುಗಳು ಇಲ್ಲಿನ ಹಿರಿಯರ ಬಾಯಲ್ಲಿ ಇನ್ನೂ ಇವೆ. ತುಂಬಿದ ಕೆರೆಯ ಹೆಚ್ಚಿನ ನೀರು ಹೊರಹೋಗುವ ದಾರಿಯೇ ಕೋಡಿ. ಅಲಂಕಾರದ ಕೊಳವನ್ನೂ ಒಂದು ಪುಟ್ಟ ಕೆರೆ ಎಂದುಕೊಂಡೇ ಕಟ್ಟಬೇಕು.

ಜಾಗ ಮತ್ತು ಅಳತೆ

ವಾಸ್ತು ನೋಡುವವರು ಕೊಳಕ್ಕೆ ಈಶಾನ್ಯ ಮೂಲೆ ಕೇಳುತ್ತಾರೆ. ಬಹಳಷ್ಟು ಮನೆಗಳಲ್ಲಿ ಸಂಪು ಕೂಡ ಅಲ್ಲೇ ಇರುತ್ತದೆ. ಕೊಳ ತೋಡುವಾಗ ಸಂಪಿನ ಗೋಡೆಗೆ ಧಕ್ಕೆ ಆಗದಷ್ಟು ದೂರ ಬಿಡಲೇಬೇಕು. ತಾವರೆ ನೈದಿಲೆ ಹೂ ಬಿಡಲು ದಿನಕ್ಕೆ ಐದಾರು ಗಂಟೆ ಬಿಸಿಲು ಬೇಕು, ಆದರೆ ಸಂಜೆಯ ಬಿಸಿಲಿಗೆ ಮರೆಯಿದ್ದರೆ ಮೀನಿಗೆ ಹಿತ. ಹೊಂಗೆ, ಮಳೆಮರಗಳ ಬುಡದಲ್ಲಿ ತೋಡಿದರೆ ಬೇರು ಕಡಿಯಬೇಕಾಗುತ್ತದೆ, ವರ್ಷವಿಡೀ ಎಲೆ ಬಾಚಬೇಕಾಗುತ್ತದೆ. ತೋಟದ ತೀರಾ ತಗ್ಗಿನ ಜಾಗವೂ ಬೇಡ. ಸುತ್ತಲಿನ ಗೊಬ್ಬರದ ನೀರೆಲ್ಲ ಅಲ್ಲಿಗೇ ಹರಿದು ಬರುತ್ತದೆ. ಜೋರು ಮಳೆಯಲ್ಲಿ ಕೊಳದ ತಳಕ್ಕೆ ಹಾಸಿದ ಹಾಳೆಯ ಅಡಿಗೂ ನೀರು ಸೇರಿ ಅದನ್ನು ಮೇಲಕ್ಕೆ ಉಬ್ಬಿಸುತ್ತದೆ.

ಉದಾಹರಣೆಗೆ 30 ಅಡಿ ಉದ್ದ, 20 ಅಡಿ ಅಗಲ, ಸರಾಸರಿ 3 ಅಡಿ ಆಳದ ಕೊಳ ತೆಗೆದುಕೊಳ್ಳೋಣ. ಒಟ್ಟು 1,800 ಘನ ಅಡಿ, ಅಂದರೆ ಸುಮಾರು 51,000 ಲೀಟರ್ ನೀರು, 51 ಟನ್ ತೂಕ. ತೋಡಿದ ಮಣ್ಣು ಸಡಿಲವಾಗಿ ಉಬ್ಬುವುದರಿಂದ ಇಪ್ಪತ್ತಕ್ಕೂ ಹೆಚ್ಚು ಟ್ರ್ಯಾಕ್ಟರ್ ಲೋಡ್ ಆಗುತ್ತದೆ. ಅದನ್ನು ಎಲ್ಲಿ ಹಾಕುವುದು ಎಂಬುದು ಜೆಸಿಬಿ ಬರುವ ಮುಂಚೆಯೇ ಮನೆಯವರೊಂದಿಗೆ ಇತ್ಯರ್ಥವಾಗಿರಬೇಕು. ಒಂದಷ್ಟು ಮಣ್ಣು ಕೊಳದ ಹಿಂದೆಯೇ ದಿಬ್ಬವಾಗಿ ಜಲಪಾತದ ಮಟ್ಟಕ್ಕೆ ಒದಗುತ್ತದೆ. ಈ ಭಾಗದಲ್ಲಿ ಕೆಂಪು ಮಣ್ಣು ಮೂರು ನಾಲ್ಕು ಅಡಿಗೇ ಮುಗಿದು ಬಂಡೆ ಸಿಗುವುದೂ ಉಂಟು. ಹಾಗಾಗಿ ಮೊದಲೇ ಎರಡು ಮೂರು ಕಡೆ ಗುಂಡಿ ತೆಗೆದು ನೋಡುವುದು ಲೇಸು.

ನೀರಿನ ಲೆಕ್ಕ

ಬೆಂಗಳೂರಿನ ಕಾವೇರಿ ನೀರು ಸುಮಾರು ನೂರು ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ, ಪಂಪಾಗಿ ಮೇಲೇರಿ ಬರುತ್ತದೆ. ಅದರಿಂದ ಅಲಂಕಾರದ ಕೊಳ ತುಂಬಿಸುವುದು ನನಗೆ ಒಪ್ಪಿಗೆಯಿಲ್ಲ. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ ನಗರ ಟ್ಯಾಂಕರಿಗೆ ಕಾದು ನಿಂತಿದ್ದಾಗ ಜಲಮಂಡಳಿ ಕೈತೋಟ, ವಾಹನ ತೊಳೆಯುವುದು, ಕಾರಂಜಿ, ಕಟ್ಟಡ ಕೆಲಸಗಳಿಗೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿ ಮಾಡಿತ್ತು. ಕೊಳ ಕಟ್ಟಿಸುವವರಿಗೆ ಇದನ್ನು ಮೊದಲ ಭೇಟಿಯಲ್ಲೇ ಹೇಳಬೇಕು.

ಉಳಿಯುವುದು ಮಳೆ. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. 2,400 ಚದರ ಅಡಿಯ ಚಾವಣಿಯ ಮೇಲೆ ವರ್ಷಕ್ಕೆ 2,16,000 ಲೀಟರಿನಷ್ಟು ನೀರು ಬೀಳುತ್ತದೆ. ಮೊದಲ ಮಳೆಯ ಕೊಳೆನೀರು, ಸೋರಿಕೆ ಎಲ್ಲ ಕಳೆದರೂ 1,70,000 ಲೀಟರ್ ಕೈಗೆ ಬರುತ್ತದೆ, ನಮ್ಮ ಕೊಳದ ಮೂರು ಪಟ್ಟಿಗಿಂತ ಹೆಚ್ಚು. 2009ರಲ್ಲಿ ಜಲಮಂಡಳಿ ಕಾಯ್ದೆಗೆ ತಿದ್ದುಪಡಿಯಾದಾಗಿನಿಂದ 40×60 ಮತ್ತು ಅದಕ್ಕೂ ದೊಡ್ಡ ನಿವೇಶನದ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ. ಪೈಪು ಹೇಗೂ ಇರುತ್ತದೆ, ಅದರ ಒಂದು ಕವಲನ್ನು ಕೊಳಕ್ಕೆ ತಿರುಗಿಸಿದರೆ ಸಾಕು.

ಕಷ್ಟ ಬರುವುದು ಬೇಸಿಗೆಯಲ್ಲಿ. ಏಪ್ರಿಲ್ ಬಿಸಿಲಿಗೆ ದಿನಕ್ಕೆ 6 ಮಿಲಿಮೀಟರ್ ಆವಿಯಾದರೆ ಈ ಕೊಳ ದಿನಕ್ಕೆ 330 ಲೀಟರ್, ತಿಂಗಳಿಗೆ 10,000 ಲೀಟರ್ ಕಳೆದುಕೊಳ್ಳುತ್ತದೆ. ಎತ್ತರದಿಂದ ಚಿಮ್ಮುವ ಕಾರಂಜಿ ಇದ್ದರೆ ಇನ್ನೂ ಹೆಚ್ಚು. ಆದ್ದರಿಂದ ಕಾರಂಜಿಯ ಬದಲು ಕಲ್ಲಿನ ಮೇಲೆ ತಗ್ಗಾಗಿ ಹರಿಯುವ ತೊರೆ ಮೇಲು. ಒಂದು ಮಳೆನೀರಿನ ಸಂಪನ್ನು ಕೊಳಕ್ಕೆಂದೇ ಮೀಸಲಿಡುವುದು ಇನ್ನೂ ಮೇಲು. ತೆರೆದ ಬಾವಿ ಇರುವ ಮನೆಯವರು ಪುಣ್ಯವಂತರು. ಇಲ್ಲದವರು ಕೊಳದ ಕೋಡಿನೀರಿಗೆ ಒಂದು ಇಂಗುಬಾವಿ ತೋಡಿಸಬಹುದು, ಉಂಗುರ ಇಳಿಸಿ ಬಾವಿ ತೋಡುವ ಕಸುಬಿನ ಮಣ್ಣು ವಡ್ಡರು ಬೆಂಗಳೂರಿನ ಸುತ್ತ ಇಂದಿಗೂ ಇದ್ದಾರೆ.

ಕೋಡಿ

2024ರ ಅಕ್ಟೋಬರ್ 22ರಂದು, ಚಿತ್ತಾ ಮಳೆಯ ದಿನಗಳಲ್ಲಿ, ನಡುರಾತ್ರಿಯಿಂದ ಬೆಳಗಿನ ಆರರೊಳಗೆ ಯಲಹಂಕದಲ್ಲಿ 157 ಮಿಲಿಮೀಟರ್ ಮಳೆ ಸುರಿಯಿತು. ಅಲ್ಲಿನ ಕೇಂದ್ರೀಯ ವಿಹಾರ ವಸತಿ ಸಮುಚ್ಚಯದ ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. ಆ ರಾತ್ರಿ ನಮ್ಮ ಉದಾಹರಣೆಯ ಕೊಳ ಅಲ್ಲಿದ್ದಿದ್ದರೆ ನೇರವಾಗಿ ಅದರ ಮೇಲೆ ಬೀಳುತ್ತಿದ್ದ ನೀರು 8,700 ಲೀಟರ್. ಚಾವಣಿಯ ಪೈಪಿನಿಂದ ಬರುತ್ತಿದ್ದದ್ದು 35,000. ಅಂದರೆ ತುಂಬಿದ ಕೊಳಕ್ಕೆ ಆರು ಗಂಟೆಯಲ್ಲಿ ಹೆಚ್ಚುಕಡಿಮೆ ಇನ್ನೊಂದು ಕೊಳದಷ್ಟು ನೀರು! ಎರಡು ಇಂಚಿನ ಪೈಪು ಇದನ್ನು ತಡೆಯಲಾರದು.

ಅಂಚಿನ ಒಂದು ಕಡೆ ಎರಡು ಮೂರು ಅಡಿ ಅಗಲಕ್ಕೆ ಮೂರು ನಾಲ್ಕು ಇಂಚು ತಗ್ಗಿಸಿ ಚಪ್ಪಡಿ ಹಾಸಿದರೆ ಅದೇ ಕೋಡಿ. ಅಲ್ಲಿಂದ ಕಲ್ಲು ಕಟ್ಟಿದ ಕಾಲುವೆ ಇಂಗುಬಾವಿಗೆ, ಇಂಗುಬಾವಿ ತುಂಬಿದರೆ ಮಳೆನೀರು ಚರಂಡಿಗೆ. ಮನೆಯ ಪಾಯದ ಕಡೆಗೆ ಎಂದೂ ಬೇಡ. ಮೀನು ಕೊಚ್ಚಿಹೋಗದಂತೆ ಸ್ಟೀಲ್ ಜಾಲರಿ ಬೇಕು. ಚಾವಣಿಯ ಪೈಪಿಗೆ ಒಂದು ವಾಲ್ವ್ ಇಟ್ಟರೆ ಕೊಳ ತುಂಬಿದ ಮೇಲೆ ನೀರನ್ನು ನೇರ ಬಾವಿಗೆ ತಿರುಗಿಸಬಹುದು.

ತಳ ಮತ್ತು ಅಂಚು

ಕೆರೆಗಳಲ್ಲಿ ನೀರು ನಿಲ್ಲುವುದು ಎಷ್ಟೋ ವರ್ಷದಿಂದ ಕೂತ ಜೇಡಿ ಹೂಳಿನಿಂದ. ಹಿತ್ತಲ ಕೆಂಪು ಮಣ್ಣು ನೀರನ್ನು ಹಾಗೆ ಹಿಡಿಯುವುದಿಲ್ಲ. ಕಾಂಕ್ರೀಟ್ ಹಾಕಬಹುದು, ಅಥವಾ ಹಾಳೆ ಹಾಸಬಹುದು. 2014ರಲ್ಲಿ ಶುರುವಾದ ಕೃಷಿಭಾಗ್ಯ ಯೋಜನೆಯ ಹೊಂಡಗಳಿಂದಾಗಿ ಪಾಲಿಥೀನ್ ಹಾಳೆ ನಮ್ಮ ರೈತರಿಗೆಲ್ಲ ಪರಿಚಿತ. ಅದನ್ನು ಕೊಳ್ಳುವಾಗ ಐಎಸ್ 15351 ಗುರುತು ನೋಡಿ ಕೊಳ್ಳಬೇಕು. ತಿರುವುಗಳಿರುವ ಅಲಂಕಾರದ ಕೊಳಕ್ಕೆ ಒಂದು ಮಿಲಿಮೀಟರ್ ದಪ್ಪದ ಇಪಿಡಿಎಂ ರಬ್ಬರ್ ಹಾಳೆ ಚೆನ್ನಾಗಿ ಬಾಗುತ್ತದೆ, ಬೆಲೆ ಮಾತ್ರ ಹೆಚ್ಚು. ಹಾಳೆಯ ಅಳತೆಗೆ ಕೊಳದ ಉದ್ದಕ್ಕೂ ಅಗಲಕ್ಕೂ ಆಳದ ಎರಡರಷ್ಟು ಕೂಡಿಸಿ, ಎರಡೂ ಅಂಚಿಗೆ ಎರಡೆರಡು ಅಡಿ ಸೇರಿಸಬೇಕು. ಆಳವಾದ ಕಡೆ 4 ಅಡಿ ಇದ್ದರೆ ನಮಗೆ 42×32 ಅಡಿಯ ಹಾಳೆ ಬೇಕಾಗುತ್ತದೆ. ಅಡಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ.

ಬೆಂಗಳೂರಿನಲ್ಲಿ ಹಾಳೆಯ ಶತ್ರು ಹೆಗ್ಗಣ. ಅಂಚಿನ ಮಣ್ಣಲ್ಲಿ ಬಿಲ ತೋಡಿ ಹಾಳೆ ಕಡಿದರೆ ನೀರು ಎಲ್ಲಿ ಇಳಿಯುತ್ತಿದೆ ಎಂದು ಹುಡುಕುವುದರಲ್ಲೇ ವಾರ ಕಳೆಯುತ್ತದೆ. ಅಂಚಿನ ಸುತ್ತ ಒಂದೂವರೆ ಅಡಿ ಆಳಕ್ಕೆ ಸೈಜು ಕಲ್ಲಿನ ಗೋಡೆ ಕಟ್ಟಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ.

ಕಾಂಕ್ರೀಟ್ ಕೊಳವಾದರೆ ಹೊಸ ಸಿಮೆಂಟಿನ ಸುಣ್ಣ ನೀರಿಗಿಳಿದು ಮೀನು ಸಾಯುತ್ತವೆ. ನೀರು ತುಂಬಿ, ಬಾಳೆದಿಂಡು ಕತ್ತರಿಸಿ ಹಾಕಿ ನೆನೆಸಿ, ಕೆಲವು ದಿನಕ್ಕೊಮ್ಮೆ ಬದಲಿಸುತ್ತ ಬರಬೇಕು. ಪಿಎಚ್ ಎಂಟೂವರೆಯ ಕೆಳಗೆ ನಿಂತ ಮೇಲಷ್ಟೇ ಮೀನು.

ಅಂಚಿನ ಮಟ್ಟವೇ ಇಡೀ ಕೆಲಸದ ಪರೀಕ್ಷೆ. ಮೂವತ್ತು ಅಡಿಗೆ ಒಂದು ಇಂಚು ಏರುಪೇರಾದರೂ ನೀರು ಅದನ್ನು ಎತ್ತಿ ತೋರಿಸುತ್ತದೆ, ಒಂದು ಕಡೆ ಹಾಳೆ ಕಪ್ಪಗೆ ಕಾಣುತ್ತದೆ. ಇದಕ್ಕೆ ಮೇಸ್ತ್ರಿಗಳ ಹಳೆಯ ಪಾರದರ್ಶಕ ಪೈಪೇ ಸಾಕು. ಪೈಪಿಗೆ ನೀರು ತುಂಬಿ, ಗುಳ್ಳೆ ಹೋಗುವವರೆಗೆ ತಟ್ಟಿ, ಇಬ್ಬರು ಎರಡು ತುದಿ ಹಿಡಿದು ಹೆಬ್ಬೆರಳು ತೆಗೆಯುತ್ತಾರೆ. ನೀರು ಏರಿಳಿದು ನಿಲ್ಲುವವರೆಗೆ ಇಬ್ಬರೂ ಮಾತಾಡದೆ ನಿಂತಿರುತ್ತಾರೆ. ನಿಂತ ಕಡೆ ಗೂಟಕ್ಕೆ ಸೀಮೆಸುಣ್ಣದ ಗೀಟು. ಹೀಗೆ ಸುತ್ತಲೂ ಹತ್ತು ಹನ್ನೆರಡು ಗೂಟ.

ಕಲ್ಲು

ಕಲ್ಲಿಗೆ ದೂರ ಹೋಗಬೇಕಿಲ್ಲ. ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಎಲ್ಲರಿಗೂ ಗೊತ್ತು, ವಿಧಾನಸೌಧದ ಕಲ್ಲು ಬಂದದ್ದೂ ಮಲ್ಲಸಂದ್ರ, ಹೆಸರಘಟ್ಟ ಸುತ್ತಿನಿಂದ. ಇದು ನೀರಿಗೆ ಸುಣ್ಣ ಬಿಡುವುದಿಲ್ಲ. ಅಮೃತಶಿಲೆಯ ಬಿಳಿ ಉರುಟು ಕಲ್ಲು ಬಿಡುತ್ತದೆ, ಮೇಲಾಗಿ ಎರಡೇ ತಿಂಗಳಿಗೆ ಪಾಚಿಗಟ್ಟುತ್ತದೆ.

ಗಿಡದ ತೊಟ್ಟಿ

ಗಿಡಗಳು ನೀರನ್ನು ಶುದ್ಧ ಮಾಡುವುದನ್ನು ಜಕ್ಕೂರು ಕೆರೆಗೆ ಹೋದವರು ಕಣ್ಣಾರೆ ನೋಡಬಹುದು. ಅಲ್ಲಿ ಕೊಳಚೆನೀರು ಶುದ್ಧೀಕರಣ ಘಟಕದಿಂದ ಹೊರಬಂದ ನೀರು ನೇರ ಕೆರೆಗೆ ಬೀಳದೆ ಮೊದಲು ಜೊಂಡು ಬೆಳೆದ ಜೌಗಿನ ಮೂಲಕ ಹಾಯುತ್ತದೆ. ನೀರಿನಲ್ಲಿ ಉಳಿದ ಸಾರಜನಕ, ರಂಜಕದ ಒಂದು ಪಾಲನ್ನು ಗಿಡಗಳ ಬೇರು ಹೀರುತ್ತವೆ, ಬೇರಿಗಂಟಿದ ಸೂಕ್ಷ್ಮಜೀವಿಗಳು ಇನ್ನೊಂದು ಪಾಲನ್ನು ಒಡೆಯುತ್ತವೆ. ಹಿತ್ತಲಲ್ಲೂ ಇದೇ ಉಪಾಯ. ಕೊಳದ ವಿಸ್ತಾರದ ಐದನೇ ಒಂದು ಭಾಗದಷ್ಟು ಜಾಗದಲ್ಲಿ ಒಂದೂವರೆ ಅಡಿ ಆಳದ ಬೇರೆ ತೊಟ್ಟಿ ಮಾಡಿ, ತಳದಲ್ಲಿ ತೂತು ಕೊರೆದ ಪಿವಿಸಿ ಪೈಪು ಹಾಸಿ, ಮೇಲೆ ತೊಳೆದ ಜಲ್ಲಿ ತುಂಬಬೇಕು. ಪಂಪು ಕೊಳದ ನೀರನ್ನು ಈ ಪೈಪಿಗೆ ನೂಕುತ್ತದೆ. ನೀರು ಜಲ್ಲಿಯೊಳಗಿಂದ ಮೇಲೆ ಬಂದು, ಕಲ್ಲಿನ ಮೇಲಿಳಿದು ಮತ್ತೆ ಕೊಳ ಸೇರುತ್ತದೆ. ಮನೆಯವರು ಕೇಳಿದ ಜಲಪಾತವೂ ಆಯಿತು! ಎರಡು ಗಂಟೆಗೊಮ್ಮೆ ಇಡೀ ಕೊಳ ಸುತ್ತಬೇಕಾದರೆ ಗಂಟೆಗೆ 25,000 ಲೀಟರಿನ ಪಂಪು ಬೇಕು, ಅದೂ ಜಲಪಾತದ ಎತ್ತರಕ್ಕೆ ಅಷ್ಟು ಎತ್ತುವಂಥದ್ದು.

ತೊಟ್ಟಿಯಲ್ಲಿ ನೆಡಲು ನಮ್ಮವೇ ಗಿಡಗಳಿವೆ: ಬಜೆ, ಕೆಸು, ಲಾವಂಚ, ಅಂಚಿಗೆ ಒಂದೆಲಗ. ತಾವರೆಯನ್ನು ಅಗಲ ಕುಂಡದಲ್ಲಿ ಜೇಡಿಮಣ್ಣು ಹಾಕಿ, ಮೇಲೆ ಮರಳು ಮುಚ್ಚಿ ಇಳಿಸಬೇಕು. ಬಿಟ್ಟರೆ ಇಡೀ ಕೊಳ ಅದರದ್ದೇ. ವಾಟರ್ ಹಯಸಿಂತನ್ನು ಮಾತ್ರ ತರಲೇಬಾರದು. ಕೋಡಿಯಿಂದ ಒಂದು ಗಿಡ ಚರಂಡಿ ಸೇರಿದರೆ ಅದು ಕೆರೆ ಮುಟ್ಟುತ್ತದೆ, ಆಮೇಲೆ ಆಗುವುದನ್ನು ಬೆಂಗಳೂರಿನವರು ಎಷ್ಟೋ ಕೆರೆಗಳಲ್ಲಿ ಕಂಡಿದ್ದಾರೆ.

ಮೀನು, ಸೊಳ್ಳೆ, ಹಕ್ಕಿ

ನೀರು ತುಂಬಿದ ಮರುದಿನವೇ ಮೀನು ಬಿಡಬೇಕೆಂದು ಮನೆಯ ಮಕ್ಕಳು ಕಾದಿರುತ್ತಾರೆ. ಆದರೆ ಮೀನಿನ ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಜಲ್ಲಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಹತ್ತಿಪ್ಪತ್ತು ಗಪ್ಪಿ ಸಾಕು, ಅವು ಸೊಳ್ಳೆಮರಿಯನ್ನೂ ತಿನ್ನುತ್ತವೆ. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಮಲೇರಿಯಾ ತಡೆಯಲು ಬಾವಿಗಳಿಗೆ ಬಿಟ್ಟದ್ದೂ ಇಂಥ ಮೀನನ್ನೇ.

ಕೋಯಿ ಎಂಬುದು ಜಪಾನಿನ ನೀಗಾಟ ಸೀಮೆಯಲ್ಲಿ ಬಣ್ಣಕ್ಕಾಗಿ ಬೆಳೆಸಿದ ಗೆಂಡೆ ಮೀನು. ಬೆರಳುದ್ದದ ಮರಿ ಎರಡು ಅಡಿಯವರೆಗೂ ಬೆಳೆಯುತ್ತದೆ. ಬಿಸಿ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ, ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಇನ್ನೂ ಕಡಿಮೆ. ಹೀಗಾಗಿ ಈ ಕೊಳಕ್ಕೆ ಇಪ್ಪತ್ತು, ಇಪ್ಪತ್ತೈದು ಕೋಯಿ ಮೀರಬಾರದು ಎನ್ನುವುದು ನನ್ನ ಲೆಕ್ಕ. ಪಂಪನ್ನು ರಾತ್ರಿ ನಿಲ್ಲಿಸಬಾರದು, ನೀರಿನಲ್ಲಿ ಆಮ್ಲಜನಕ ತೀರಾ ಇಳಿಯುವುದು ಬೆಳಗಿನ ಜಾವಕ್ಕೆ.

ಆಮೆ ಬೇಕೆನ್ನುವವರಿಗೆ ಖಡಾಖಂಡಿತವಾಗಿ ಇಲ್ಲ ಎನ್ನಬೇಕು. ನಮ್ಮ ನಾಡಿನ ಆಮೆಗಳನ್ನು ಮನೆಯಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಗಡಿಯ ಕೆಂಪು ಕಿವಿಯ ವಿದೇಶಿ ಆಮೆ ಬೆಳೆದ ಮೇಲೆ ಕೆರೆಗೆ ಬಿಟ್ಟರೆ ಅಲ್ಲಿನವಕ್ಕೆ ಕುತ್ತು. ಇನ್ನು ಹಕ್ಕಿಗಳು. ಮನೆ ಹೆಬ್ಬಾಳ, ಪುಟ್ಟೇನಹಳ್ಳಿ, ಜಕ್ಕೂರು ಕೆರೆಗಳ ನಡುವೆ ಇರುವಾಗ ಮಿಂಚುಳ್ಳಿ, ಬೆಳ್ಳಕ್ಕಿ ಬಂದೇ ಬರುತ್ತವೆ. ಒಂದು ಪಕ್ಕ ನೇರ ಗೋಡೆ, 4 ಅಡಿ ಆಳ, ಮೇಲೊಂದು ಚಾಚು ಚಪ್ಪಡಿ ಇದ್ದರೆ ಮೀನು ಅವುಗಳಿಂದ ಅಡಗಿಕೊಳ್ಳುತ್ತವೆ.

ಕರೆಂಟು ಮತ್ತು ಮಕ್ಕಳು

ಪಂಪಿನ ಲೈನಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಸರಿಯಾದ ಅರ್ಥಿಂಗ್. ಇದರಲ್ಲಿ ಚೌಕಾಸಿ ಇಲ್ಲ. ಕೃಷಿಹೊಂಡಗಳಲ್ಲಿ ಮಕ್ಕಳು ಮುಳುಗಿದ ಸುದ್ದಿ ಪ್ರತಿ ಬೇಸಿಗೆ ರಜೆಯಲ್ಲಿ ಓದುತ್ತೇವೆ. ರಬ್ಬರ್ ಹಾಳೆ ಒದ್ದೆಯಾದರೆ ಜಾರುತ್ತದೆ, ಹತ್ತಿ ಬರಲಾಗುವುದಿಲ್ಲ. ಮನೆಯ ಕಡೆಯ ಅಂಚಿನಲ್ಲಿ ಒಂದಡಿ ಆಳದ ಅಗಲ ಮೆಟ್ಟಿಲು ಇರಲೇಬೇಕು, ಪುಟ್ಟ ಮಕ್ಕಳಿದ್ದರೆ ಬೇಲಿ ಮತ್ತು ಚಿಲಕದ ಗೇಟು.

ಒಪ್ಪಿಸುವ ದಿನ

ಕೊಳ ಒಪ್ಪಿಸುವಾಗ ಮನೆಯವರ ಜೊತೆಗೆ ತೋಟದ ಮಾಲಿಯನ್ನೂ ಕರೆದು ನಿಲ್ಲಿಸಿಕೊಳ್ಳಬೇಕು, ನೋಡಿಕೊಳ್ಳುವುದು ಅವರೇ. ಪಂಪಿನ ಬುಟ್ಟಿ ವಾರಕ್ಕೊಮ್ಮೆ ತೊಳೆಯಬೇಕು. ಜಲ್ಲಿಯನ್ನು ನಲ್ಲಿನೀರಿನಿಂದ ತೊಳೆಯಬಾರದು, ಕ್ಲೋರಿನ್‌ಗೆ ಬ್ಯಾಕ್ಟೀರಿಯಾ ಸಾಯುತ್ತವೆ. ಮೊದಲ ಎರಡು ತಿಂಗಳು ನೀರು ಹಸಿರಾಗುತ್ತದೆ, ಗಾಬರಿಯಾಗಿ ಔಷಧಿ ಸುರಿಯಬಾರದು, ಗಿಡ ಬೇರೂರಿದಂತೆ ತಿಳಿಯಾಗುತ್ತದೆ. ಕೊನೆಗೆ ಮಾಲಿಯ ಕೈಯಿಂದಲೇ ಕೋಡಿಯ ಜಾಲರಿ ಬಿಚ್ಚಿಸಿ, ಅಂಟಿದ ಎಲೆ ಕೊಡವಿಸಿ, ಮತ್ತೆ ಹಾಕಿಸಬೇಕು. ವರ್ಷಕ್ಕೆರಡು ಸಲ, ಭರಣಿ ಮಳೆಗೆ ಮುಂಚೆ ಒಮ್ಮೆ, ಚಿತ್ತಾ ಮಳೆಗೆ ಮುಂಚೆ ಒಮ್ಮೆ, ಅವರು ಅದನ್ನು ತಪ್ಪದೆ ಮಾಡಬೇಕಾಗುತ್ತದೆ.